ದೊಡ್ಡವರಿಲ್ಲದ ನಗರದಲ್ಲಿ ಸಲೀನ್ ಮಾಡುವ ಕೆಲಸ

ಹದಿಹರೆಯದವರ ಮಾನಸಿಕ ಆರೋಗ್ಯದ ಕ್ಷೇತ್ರದಲ್ಲಿ ದುಡಿಯುವವರಿಗೆ ಚೆನ್ನಾಗಿ ಪರಿಚಿತವಾದ ಒಂದು ಪ್ರಶ್ನೆಯಿದೆ. ದೊಡ್ಡವರೆಲ್ಲ ಸತ್ತು ಅಥವಾ ಕಣ್ಮರೆಯಾಗಿ ಮಕ್ಕಳಷ್ಟೇ ಉಳಿದುಕೊಂಡ ಊರಿನ ಕಥೆ ಹೇಳುವ ಧಾರಾವಾಹಿಗಳನ್ನು ನಮ್ಮ ಮಗಳು ಒಂದಾದ ಮೇಲೊಂದು ನೋಡುತ್ತಿದ್ದಾಳೆ, ನಾವು ಇಲ್ಲದಿದ್ದರೇ ಚೆನ್ನ ಎಂದು ಅವಳಿಗೆ ಅನಿಸುತ್ತಿದೆಯೇ ಎಂದು ತಂದೆ ತಾಯಂದಿರು ಕೇಳುತ್ತಾರೆ. ಅವರ ಸಂಕಟ ಅರ್ಥವಾಗುವಂಥದ್ದೇ. ಆದರೆ ಈ ಕಥೆಗಳಿಗೆ ಅಂಟಿಕೊಂಡ ಮಕ್ಕಳೊಡನೆ ಕುಳಿತು ಮಾತನಾಡಿದರೆ, ದೊಡ್ಡವರ ಸಾವಿನ ಬಗ್ಗೆ ಅವರು ಹೆಚ್ಚೇನೂ ಹೇಳುವುದಿಲ್ಲ. ಮರುದಿನ ಬೆಳಗ್ಗೆ ಚಿಕ್ಕವರಿಗೆ ಉಣಿಸುವವರು ಯಾರು, ನೀರು ತರುವವರು ಯಾರು, ರಾತ್ರಿ ಬಾಗಿಲು ಕಾಯುವವರು ಯಾರು ಎಂಬ ಸಂಗತಿಗಳೇ ಅವರ ಮಾತಿನಲ್ಲಿ ಮತ್ತೆ ಮತ್ತೆ ಬರುತ್ತವೆ.

ಈ ಬಗೆಯ ಧಾರಾವಾಹಿಗಳಲ್ಲಿ ಬಹಳ ಕಾಲ ನಡೆದದ್ದು ನ್ಯೂಜಿಲೆಂಡಿನ 'ದಿ ಟ್ರೈಬ್'. ಕ್ಲೌಡ್ 9 ಸಂಸ್ಥೆಯು ವೆಲಿಂಗ್ಟನ್ ಸುತ್ತಮುತ್ತ ಚಿತ್ರೀಕರಿಸಿದ ಇದು 1999ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಚಾನೆಲ್ 5ರಲ್ಲಿ ಆರಂಭವಾಗಿ, 2003ರವರೆಗೆ ಐದು ಸರಣಿಗಳಲ್ಲಿ ಒಟ್ಟು 260 ಕಂತುಗಳಷ್ಟು ಬೆಳೆಯಿತು. ವೈರಸ್ಸೊಂದು ದೊಡ್ಡವರನ್ನೆಲ್ಲ ಕೊಂದಿದೆ. ನಗರವನ್ನು ಮಕ್ಕಳ ಗುಂಪುಗಳು ಹಂಚಿಕೊಂಡಿವೆ. ಅಂಥ ಒಂದು ಗುಂಪು ಖಾಲಿಯಾದ ಮಾಲ್ ಒಂದರಲ್ಲಿ ನೆಲೆಯೂರಿ ತನ್ನನ್ನು ಮಾಲ್ ರ‍್ಯಾಟ್ಸ್ ಎಂದು ಕರೆದುಕೊಳ್ಳುತ್ತದೆ. ಮುಖಕ್ಕೆ ಬಳಿದ ಬಣ್ಣ, ಚಿತ್ರವಿಚಿತ್ರ ಕೇಶವಿನ್ಯಾಸ, ಕೆಲವೊಮ್ಮೆ ಅತಿಯೆನಿಸುವ ಅಭಿನಯ, ಇವೆಲ್ಲ ಇಂದಿನ ಕಣ್ಣಿಗೆ ಹಳೆಯದಾಗಿ ಕಾಣಬಹುದು. ಆದರೂ ನನ್ನ ವೃತ್ತಿಯ ದೃಷ್ಟಿಯಿಂದ, ಇದರ ನಂತರ ಹೆಚ್ಚಿನ ಹಣ ಸುರಿದು ತಯಾರಿಸಿದ ಅನೇಕ ಸರಣಿಗಳಿಗಿಂತ ಇದು ಹೆಚ್ಚು ನಿಖರವಾಗಿದೆ ಎಂದೇ ನಾನು ಭಾವಿಸುತ್ತೇನೆ.

ನೋಡಿದವರ ನೆನಪಿನಲ್ಲಿ ಮೊದಲು ಉಳಿಯುವವನು ಜೂಟ್. ಲೋಕೋಸ್ ಎಂಬ ಗುಂಪಿನ ನಾಯಕನಾದ ಈತನ ಘೋಷಣೆ ಅಧಿಕಾರ ಮತ್ತು ಅರಾಜಕತೆ. ಹಿಡಿತ ತಪ್ಪಿದರೆ ಮಕ್ಕಳು ಹೀಗೆಯೇ ಆಗುತ್ತಾರೆ ಎಂದು ನಂಬಿರುವ ಹಿರಿಯರಿಗೆ ಜೂಟ್ ಒಂದು ಸಿದ್ಧ ಪುರಾವೆಯಂತೆ ಕಾಣುತ್ತಾನೆ. ಆದರೆ ನಿಜಜೀವನದಲ್ಲಿ ದೊಡ್ಡವರಿಲ್ಲದೆ ಉಳಿದ ಮಕ್ಕಳ ದಾಖಲಾದ ಪ್ರಸಂಗಗಳನ್ನು ಓದಿದರೆ ಬೇರೆಯೇ ಚಿತ್ರ ಸಿಗುತ್ತದೆ.

1965ರಲ್ಲಿ ಟೋಂಗಾ ದೇಶದ ನುಕುಅಲೋಫಾದ ವಸತಿ ಶಾಲೆಯೊಂದರ ಆರು ಹುಡುಗರು, ಮೀನುಗಾರನೊಬ್ಬನ ದೋಣಿಯನ್ನು ಹೇಳದೆ ಕೇಳದೆ ತೆಗೆದುಕೊಂಡು ಸಮುದ್ರಕ್ಕಿಳಿದರು. ಬಿರುಗಾಳಿಗೆ ಸಿಕ್ಕಿ, ದಿನಗಟ್ಟಲೆ ತೇಲಿ, ಕೊನೆಗೆ ಅಟಾ ಎಂಬ ನಿರ್ಜನ ದ್ವೀಪವನ್ನು ಸೇರಿದರು. ಆಸ್ಟ್ರೇಲಿಯಾದ ನಾವಿಕ ಪೀಟರ್ ವಾರ್ನರ್ 1966ರ ಸೆಪ್ಟೆಂಬರ್‌ನಲ್ಲಿ ಅವರನ್ನು ಕಾಣುವವರೆಗೆ, ಅಂದರೆ ಹದಿನೈದು ತಿಂಗಳು, ಅವರು ಅಲ್ಲಿಯೇ ಬದುಕಿದರು. ಮರದ ದಿಮ್ಮಿಗಳನ್ನು ಕೊರೆದು ಮಳೆನೀರು ಹಿಡಿದಿದ್ದರು, ಹೊತ್ತಿಸಿದ ಬೆಂಕಿಯನ್ನು ಆರಲು ಬಿಟ್ಟಿರಲಿಲ್ಲ, ಇಬ್ಬಿಬ್ಬರಂತೆ ಕೆಲಸದ ಸರದಿ ಹಾಕಿಕೊಂಡಿದ್ದರು. ಜಗಳವಾದರೆ ಇಬ್ಬರೂ ಸ್ವಲ್ಪ ಹೊತ್ತು ದೂರ ಹೋಗಿ ಸಿಟ್ಟಿಳಿದ ಮೇಲೆ ಬರಬೇಕೆಂಬ ನಿಯಮವಿತ್ತು. ಒಬ್ಬ ಬಂಡೆಯಿಂದ ಬಿದ್ದು ಕಾಲು ಮುರಿದುಕೊಂಡಾಗ ಉಳಿದವರು ಕೋಲು ಕಟ್ಟಿ ಮೂಳೆ ಕೂಡಿಸಿದರು, ಅವನು ಚೇತರಿಸಿಕೊಳ್ಳುವವರೆಗೆ ಅವನ ಪಾಲಿನ ಕೆಲಸವನ್ನೂ ಮಾಡಿದರು. (ಊರಿಗೆ ಮರಳಿದಾಗ ದೋಣಿಯ ಮಾಲೀಕನ ದೂರಿನ ಮೇಲೆ ಅವರನ್ನು ಬಂಧಿಸಲಾಯಿತು ಎಂಬುದನ್ನು ಹೇಳದಿದ್ದರೆ ದೊಡ್ಡವರ ಪಾತ್ರ ಪೂರ್ತಿಯಾಗದು.)

ಇದಕ್ಕಿಂತಲೂ ಆಳವಾದ ದಾಖಲೆ 1951ರಲ್ಲಿ ಮಕ್ಕಳ ಮನೋವಿಶ್ಲೇಷಕಿ ಅನ್ನಾ ಫ್ರಾಯ್ಡ್ ಮತ್ತು ಸೋಫಿ ಡಾನ್ ಬರೆದದ್ದು. ನಾಜಿಗಳ ಟೆರೆಜಿನ್ ಸೆರೆಶಿಬಿರದಲ್ಲಿ ಬದುಕುಳಿದು 1945ರಲ್ಲಿ ಇಂಗ್ಲೆಂಡಿಗೆ ಬಂದ, ಮೂರು ವರ್ಷದ ಆಸುಪಾಸಿನ ಆರು ಅನಾಥ ಮಕ್ಕಳನ್ನು ಅವರು ಸಸೆಕ್ಸ್‌ನ ಒಂದು ಮನೆಯಲ್ಲಿ ಗಮನಿಸಿದ್ದರು. ಆ ಮಕ್ಕಳು ಆರೈಕೆ ಮಾಡಲು ಬಂದವರನ್ನು ಹೊಡೆಯುತ್ತಿದ್ದರು, ಕಚ್ಚುತ್ತಿದ್ದರು, ಆಟಿಕೆಗಳನ್ನು ಒಡೆದುಹಾಕುತ್ತಿದ್ದರು. ಆದರೆ ತಮ್ಮೊಳಗೆ ಒಬ್ಬರನ್ನೊಬ್ಬರು ಅಗಲಲು ಒಪ್ಪುತ್ತಿರಲಿಲ್ಲ. ಊಟದ ಹೊತ್ತಿನಲ್ಲಿ ತಾವು ತಿನ್ನುವುದಕ್ಕಿಂತ ಪಕ್ಕದವರ ಕೈಗೆ ತಿನಿಸು ದಾಟಿಸುವುದೇ ಅವರಿಗೆ ಮುಖ್ಯವಾಗಿತ್ತು. ಹೆತ್ತವರ ಪ್ರೀತಿಗಾಗಿ ಪೈಪೋಟಿ ನಡೆಸುವ ಅಣ್ಣತಮ್ಮಂದಿರಲ್ಲಿ ನಾವು ಕಾಣುವ ಮತ್ಸರ ಅವರಲ್ಲಿ ಇರಲೇ ಇಲ್ಲವೆನ್ನುವಷ್ಟು ಕಡಿಮೆಯಿತ್ತು. ಅವರ ಪಾಲಿಗೆ ಗುಂಪೇ ತಾಯಿಯಾಗಿತ್ತು.

ಇಷ್ಟರಿಂದಲೇ ಮಕ್ಕಳೆಲ್ಲ ದೇವರು ಎಂದು ತೀರ್ಮಾನಿಸುವಂತಿಲ್ಲ. ಹದಿಹರೆಯದವರು ಒಬ್ಬರೇ ಶಾಂತವಾಗಿ ಕುಳಿತು ಯೋಚಿಸುವಾಗ ತೋರುವ ವಿವೇಕ, ಗೆಳೆಯರು ಸುತ್ತ ಇದ್ದಾಗ ಕುಗ್ಗುತ್ತದೆ. ಮಾರ್ಗೋ ಗಾರ್ಡ್‌ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ, ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟದ ಪ್ರಯೋಗದಲ್ಲಿ, ಓರಗೆಯವರ ಎದುರಿಗೆ ಆಡುವಾಗ ಹದಿಹರೆಯದವರು ತೆಗೆದುಕೊಂಡ ಅಪಾಯವು ವಯಸ್ಕರಿಗಿಂತ ಎದ್ದು ಕಾಣುವಷ್ಟು ಹೆಚ್ಚಿತ್ತು. 'ದಿ ಟ್ರೈಬ್'ನಲ್ಲಿ ಜೂಟ್ ಸಾಯುವ ಪ್ರಸಂಗ ಇದಕ್ಕೆ ಬಹಳ ಹತ್ತಿರದ್ದು. ತನಗೆ ಹುಟ್ಟಿದ ಮಗುವನ್ನು ನೋಡಲೆಂದು ಅವನು ಮಾಲ್‌ಗೆ ಬರುತ್ತಾನೆ. ಮಾಲ್‌ನಲ್ಲಿರುವ ಗುಂಪಿನ ಹುಡುಗ ಲೆಕ್ಸ್ ಅವನಿಗೆ ಎದುರಾಗುತ್ತಾನೆ. ತಳ್ಳಾಟದಲ್ಲಿ ಜೂಟ್ ಮೇಲಿನಿಂದ ಬಿದ್ದು ಪ್ರಾಣ ಬಿಡುತ್ತಾನೆ. ಕೊಲ್ಲಬೇಕೆಂಬ ಲೆಕ್ಕಾಚಾರ ಅಲ್ಲಿರಲಿಲ್ಲ. ನೋಡುವವರ ಮುಂದೆ ಹಿಂಜರಿಯಲಾರದ ಇಬ್ಬರು ಹುಡುಗರಿದ್ದರು, ನಡುವೆ ಬಂದು ಸಾಕು ಎನ್ನಬಲ್ಲ ದೊಡ್ಡವರು ಇರಲಿಲ್ಲ.

ಆದರೂ ನಾನು ಈ ಧಾರಾವಾಹಿಯನ್ನು ಪೋಷಕರಿಗೆ ವಿವರಿಸಬೇಕಾದಾಗ ಜೂಟ್‌ನಿಂದಲೋ ಲೆಕ್ಸ್‌ನಿಂದಲೋ ಆರಂಭಿಸುವುದಿಲ್ಲ. ಸಲೀನ್ ಎಂಬ ಹುಡುಗಿಯಿಂದ ಆರಂಭಿಸುತ್ತೇನೆ. ದಿಕ್ಕಿಲ್ಲದ ಪುಟ್ಟ ಮಕ್ಕಳನ್ನು ಜೊತೆಗೆ ಕರೆದುಕೊಂಡು ಕಥೆಯೊಳಗೆ ಬರುವ ಈಕೆ ಗುಂಪಿನ ನಾಯಕಿಯಲ್ಲ. ಕ್ಲೋಯಿ, ಪ್ಯಾಟ್ಸಿ ಮತ್ತು ಕಿವಿ ಕೇಳದ ಪಾಲ್, ಇವರನ್ನು ನೋಡಿಕೊಳ್ಳುವುದು, ಅಡುಗೆ, ಸಮಾಧಾನ, ಹೀಗೆ ಯಾರೂ ಚುನಾವಣೆ ನಡೆಸದ ಹುದ್ದೆಗಳೆಲ್ಲ ತಾವಾಗಿ ಅವಳ ಪಾಲಿಗೆ ಬರುತ್ತವೆ. ಮೊದಲ ಸರಣಿಯಲ್ಲಿಯೇ ಅವಳು ತಿಂದದ್ದನ್ನು ಗುಟ್ಟಾಗಿ ವಾಂತಿ ಮಾಡಿಕೊಳ್ಳುವ ಬುಲಿಮಿಯಾ ಎಂಬ ಕಾಯಿಲೆಗೆ ಬೀಳುತ್ತಾಳೆ. ಆಹಾರಕ್ಕೇ ಹಾಹಾಕಾರವಿರುವ ನಗರದಲ್ಲಿ ಇದು ಅಸಂಬದ್ಧವಲ್ಲವೇ ಎಂದು ಕೆಲವರು ಕೇಳಿಯಾರು. ನನಗೆ ಹಾಗೆ ತೋರುವುದಿಲ್ಲ. ತಿನ್ನುವ ಕಾಯಿಲೆಗಳಿಗೆ ಒಂದೇ ಕಾರಣವಿರುವುದಿಲ್ಲವಾದರೂ, ಎಲ್ಲರ ಅಗತ್ಯಗಳನ್ನೂ ಪೂರೈಸುತ್ತ ತನ್ನದೆಂಬ ಒಂದು ಅಗತ್ಯವನ್ನೂ ಬಾಯಿಬಿಟ್ಟು ಹೇಳಲಾರದವಳಿಗೆ, ಹಿಡಿತದಲ್ಲಿ ಇಟ್ಟುಕೊಳ್ಳಬಹುದಾದ ಕೊನೆಯ ವಸ್ತು ತನ್ನ ದೇಹವೇ ಆಗಿಬಿಡುವುದನ್ನು ನಾವು ಚಿಕಿತ್ಸೆಯಲ್ಲಿ ಕಾಣುತ್ತೇವೆ.

ಮಗುವೊಂದು ತನ್ನ ಮನೆಯಲ್ಲಿ ತಂದೆ ಅಥವಾ ತಾಯಿಯ ಸ್ಥಾನವನ್ನು ತುಂಬುವ ಈ ಸ್ಥಿತಿಯನ್ನು ಕೌಟುಂಬಿಕ ಚಿಕಿತ್ಸೆಯ ಕ್ಷೇತ್ರದಲ್ಲಿ ಸಾಲ್ವಡಾರ್ ಮಿನುಚಿನ್ 1960ರ ದಶಕದಲ್ಲಿಯೂ ಇವಾನ್ ಬೊಸೊರ್ಮೆನಿ-ನಾಗಿ ಮತ್ತು ಜೆರಾಲ್ಡಿನ್ ಸ್ಪಾರ್ಕ್ 1973ರಲ್ಲಿಯೂ ವಿವರಿಸಿದರು. ಇದರಲ್ಲಿ ಎರಡು ಬಗೆಯ ಭಾರಗಳನ್ನು ಬೇರ್ಪಡಿಸಿ ನೋಡುವುದು ರೂಢಿ. ಅಡುಗೆ ಮಾಡುವುದು, ಬಿಲ್ಲು ಕಟ್ಟುವುದು, ತಮ್ಮನನ್ನು ಶಾಲೆಗೆ ಬಿಡುವುದು ಮುಂತಾದ ಕೆಲಸದ ಭಾರ ಒಂದು. ಅಮ್ಮನ ಅಳುವನ್ನು ನಿಲ್ಲಿಸುವುದು, ಅಪ್ಪನ ಸಿಟ್ಟನ್ನು ಮೊದಲೇ ಊಹಿಸಿ ತಣಿಸುವುದು, ಮನೆಯ ಗುಟ್ಟನ್ನು ಹೊತ್ತು ತಿರುಗುವುದು ಮುಂತಾದ ಮನಸ್ಸಿನ ಭಾರ ಇನ್ನೊಂದು. ಮೊದಲನೆಯದು ವಯಸ್ಸಿಗೆ ತಕ್ಕಷ್ಟಿದ್ದು, ಒಂದು ಅವಧಿಗೆ ಸೀಮಿತವಾಗಿದ್ದು, ಮಾಡಿದ್ದನ್ನು ಯಾರಾದರೂ ಗುರುತಿಸಿದರೆ, ಮಗುವಿಗೆ ಬಲವನ್ನೇ ಕೊಡಬಹುದು. ಎರಡನೆಯದು ಸಾಮಾನ್ಯವಾಗಿ ಹೆಚ್ಚು ಹಾನಿ ಮಾಡುತ್ತದೆ, ಏಕೆಂದರೆ ಅದು ಮುಗಿಯುವ ಕೆಲಸವಲ್ಲ.

ಇಂಥ ಮಕ್ಕಳನ್ನು ಗುರುತಿಸುವುದು ಕಷ್ಟ. ಅವರ ಬಗ್ಗೆ ದೂರುಗಳೇ ಇರುವುದಿಲ್ಲ. ಹಲವರ ಲಕ್ಷಣಗಳನ್ನು ಕೂಡಿಸಿ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ತಲೆನೋವೆಂದು ಬಂದಿದ್ದಾಳೆ. ಕುರ್ಚಿಯ ಅಂಚಿನಲ್ಲಿ, ಚೀಲವನ್ನು ಹೆಗಲಿನಿಂದ ಇಳಿಸದೆ ಕುಳಿತಿದ್ದಾಳೆ. ಮಾತಿನ ನಡುವೆ ಅವಳ ಮೊಬೈಲಿನಲ್ಲಿ ಅಲಾರಂ ಹೊಡೆದುಕೊಳ್ಳುತ್ತದೆ. ಅದು ಅಮ್ಮನ ಮಾತ್ರೆಯ ಹೊತ್ತು. ಅವಳು ಕ್ಷಮೆ ಕೇಳಿ ಮನೆಗೆ ಫೋನ್ ಮಾಡಿ, ಯಾವ ಬಣ್ಣದ ಮಾತ್ರೆಯನ್ನು ಊಟಕ್ಕೆ ಮೊದಲು ತೆಗೆದುಕೊಳ್ಳಬೇಕೆಂದು ಹೇಳಿ, ತಮ್ಮ ಊಟ ಮಾಡಿದನೇ ಎಂದು ವಿಚಾರಿಸಿ, ಬಿಟ್ಟ ವಾಕ್ಯದಿಂದಲೇ ಮಾತನ್ನು ಮುಂದುವರಿಸುತ್ತಾಳೆ. ನಿನ್ನ ಊಟವಾಯಿತೇ ಎಂದು ಕೇಳಿದರೆ ಉತ್ತರಕ್ಕೆ ತುಸು ತಡವಾಗುತ್ತದೆ. ಶಾಲೆಯ ವರದಿಯಲ್ಲಿ ಅವಳನ್ನು ಜವಾಬ್ದಾರಿಯುತ ವಿದ್ಯಾರ್ಥಿನಿ ಎಂದು ಬರೆದಿರುತ್ತಾರೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅವಳು ನೋಡುವುದು ದೊಡ್ಡವರಿಲ್ಲದ ಮಕ್ಕಳ ಕಥೆಯನ್ನು. ತನ್ನ ಬದುಕಿನ ಸ್ಥಿತಿಯನ್ನು ಅಲ್ಲಿ ಬಹಿರಂಗವಾಗಿ ಒಪ್ಪಿಕೊಂಡಿದ್ದಾರೆ, ಅಲ್ಲಿ ದೊಡ್ಡವರು ಇಲ್ಲವೆಂಬುದನ್ನು ಯಾರೂ ಮುಚ್ಚಿಡುವುದಿಲ್ಲ ಎಂಬುದೇ ಅವಳಿಗೆ ದೊಡ್ಡ ಸಮಾಧಾನ. ಅಲ್ಲದೆ ಅಲ್ಲಿ ಕೆಲಸಕ್ಕೆ ಸರದಿಯಿದೆ. ಪೋಷಕರು ಇಲ್ಲದಿರಲಿ ಎಂಬ ಬಯಕೆ ಇದರಲ್ಲಿಲ್ಲ. ಇರುವವರು ತಮ್ಮ ಜಾಗಕ್ಕೆ ಮರಳಲಿ ಎಂಬ ಬಯಕೆಯಿದೆ.

2023ರ ಮೇ 1ರಂದು ಕೊಲಂಬಿಯಾದ ಅಮೆಜಾನ್ ಕಾಡಿನಲ್ಲಿ ಸಣ್ಣ ವಿಮಾನವೊಂದು ಬಿದ್ದು, ತಾಯಿಯನ್ನು ಕಳೆದುಕೊಂಡ ನಾಲ್ವರು ಮಕ್ಕಳು ಜೂನ್ 9ರಂದು ಜೀವಂತವಾಗಿ ಸಿಕ್ಕ ಸುದ್ದಿಯನ್ನು ಅನೇಕರು ಓದಿರುತ್ತಾರೆ. ಹಿರಿಯವಳಿಗೆ 13 ವರ್ಷ, ಕಿರಿಯ ಮಗುವಿಗೆ ಅಪಘಾತದ ಹೊತ್ತಿಗೆ ಇನ್ನೂ ವರ್ಷ ತುಂಬಿರಲಿಲ್ಲ. ವಿಮಾನದಲ್ಲಿದ್ದ ಮರಗೆಣಸಿನ ಹಿಟ್ಟು, ಅದು ಮುಗಿದ ಮೇಲೆ ಕಾಡಿನ ಹಣ್ಣುಗಳು ಅವರನ್ನು ಉಳಿಸಿದವು. ಕಾಡಿನ ಅರಿವು ಆ ಹುಡುಗಿಗೆ ಹಿರಿಯರಿಂದ ಬಂದದ್ದು. ಜಗತ್ತು ಅವಳ ಧೈರ್ಯವನ್ನು ಕೊಂಡಾಡಿತು, ಕೊಂಡಾಡಬೇಕಾದದ್ದೇ. ಆದರೆ ಇಂಥ ಸುದ್ದಿಗಳನ್ನು ಓದುವಾಗ ನನಗೆ ಕಾಡುವ ಚಿಂತೆಯೆಂದರೆ, ಮಗುವನ್ನು ವೀರಳೆಂದು ಹೊಗಳುವ ಆತುರದಲ್ಲಿ, ಅವಳು ಇನ್ನು ಮುಂದೆ ಆ ಕೆಲಸ ಮಾಡಬೇಕಾಗಿಲ್ಲ ಎಂದು ಹೇಳುವುದನ್ನು ಸುತ್ತಲಿನವರು ಮರೆಯುವ ಸಾಧ್ಯತೆ.

ಧಾರಾವಾಹಿಗಳು ತಪ್ಪುವ ಕಡೆಯೂ ಒಂದಿದೆ, ಅದು ಶೋಕ. ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳು ಮೊದಲ ಕಂತಿನಲ್ಲಿಯೇ ಕಾದಾಟಕ್ಕೂ ಪ್ರೇಮಕ್ಕೂ ಸಿದ್ಧರಾಗಿ ನಿಂತಿರುತ್ತಾರೆ. 2019ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದು ಹತ್ತು ಕಂತುಗಳಿಗೆ ನಿಂತುಹೋದ 'ದಿ ಸೊಸೈಟಿ'ಯಲ್ಲಿ, ಅಕ್ಕ ಕಸಾಂಡ್ರಾ ಕೊಲೆಯಾದ ಮೇಲೆ ನಾಯಕತ್ವ ತಂಗಿ ಆಲಿಯ ಹೆಗಲೇರುತ್ತದೆ. ಅಳಲು ಅವಳಿಗೆ ಬಿಡುವೇ ಸಿಗುವುದಿಲ್ಲ, ಕಥೆ ಅಷ್ಟು ಬೇಗ ರಾಜಕೀಯಕ್ಕೆ ಹೊರಳುತ್ತದೆ. ಒಂದರ್ಥದಲ್ಲಿ ಇದು ನಿಜಕ್ಕೆ ದೂರವೂ ಅಲ್ಲ: ಮಕ್ಕಳ ಶೋಕ ಎಡೆಬಿಡದೆ ಹರಿಯುವುದಿಲ್ಲ, ಅಲೆಯಲೆಯಾಗಿ ಬರುತ್ತದೆ, ಅತ್ತ ಮಗು ಹತ್ತು ನಿಮಿಷದಲ್ಲಿ ಆಟಕ್ಕಿಳಿಯುತ್ತದೆ. ಆದರೆ ಮುಂದೂಡಿದ ಶೋಕ ಎಲ್ಲಿಗೂ ಹೋಗುವುದಿಲ್ಲ. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯ 2022ರ ಪರಿಷ್ಕರಣೆಯಲ್ಲಿ ದೀರ್ಘಕಾಲದ ಶೋಕವನ್ನು ಪ್ರತ್ಯೇಕ ತೊಂದರೆಯಾಗಿ ಸೇರಿಸಿದಾಗ, ವಯಸ್ಕರಿಗೆ ಸಾವಿನ ನಂತರ ಕನಿಷ್ಠ 12 ತಿಂಗಳು ಕಳೆದಿರಬೇಕೆಂದೂ ಮಕ್ಕಳು ಮತ್ತು ಹದಿಹರೆಯದವರಿಗೆ 6 ತಿಂಗಳೆಂದೂ ಬೇರೆ ಬೇರೆ ಅವಧಿಯನ್ನು ಇಟ್ಟರು. 'ದಿ ಟ್ರೈಬ್' ಈ ವಿಷಯವನ್ನು ನೇರವಾಗಿ ಹಿಡಿಯದಿದ್ದರೂ ವಿಚಿತ್ರ ರೀತಿಯಲ್ಲಿ ತಲುಪುತ್ತದೆ: ಸತ್ತ ಜೂಟ್‌ನನ್ನು ದೇವರೆಂದು ಪೂಜಿಸುವ ಪಂಥವೊಂದು ಮುಂದೆ ಹುಟ್ಟಿಕೊಳ್ಳುತ್ತದೆ, ಅವನ ಮಗುವಿನ ತಾಯಿ ಟ್ರೂಡಿ ಅದರೊಳಗೆ ಸೆಳೆಯಲ್ಪಡುತ್ತಾಳೆ. ಅಳಲು ಜಾಗವಿಲ್ಲದ ಕಡೆ ಆರಾಧನೆ ಬಂದು ಕೂರುವುದನ್ನು ಹದಿಹರೆಯದವರಿಗಾಗಿ ಮಾಡಿದ ಧಾರಾವಾಹಿಯೊಂದು ಇಷ್ಟು ಸ್ಪಷ್ಟವಾಗಿ ತೋರಿಸಿದ್ದು ನನಗೆ ಇಂದಿಗೂ ಅಚ್ಚರಿಯೇ.

ಆದ್ದರಿಂದ ಮಗ ಅಥವಾ ಮಗಳು ಇಂಥ ಸರಣಿಯನ್ನು ನೋಡುತ್ತಿದ್ದರೆ, ಅದನ್ನು ನಿಲ್ಲಿಸುವ ಬದಲು ಒಂದೆರಡು ಕಂತು ಜೊತೆಗೆ ಕುಳಿತು ನೋಡಿ ಎಂದು ನಾನು ಹೇಳುತ್ತೇನೆ. ಈ ಗುಂಪಿನಲ್ಲಿ ನೀನಿದ್ದರೆ ಯಾವ ಕೆಲಸ ನಿನ್ನ ಪಾಲಿಗೆ ಬರುತ್ತಿತ್ತು ಎಂದು ಕೇಳಿ. ನಾಯಕ ಯಾರಾಗಬೇಕು ಎಂದು ಕೇಳಬೇಡಿ, ಅದು ಪರೀಕ್ಷೆಯ ಪ್ರಶ್ನೆಯಂತೆ ಕೇಳಿಸುತ್ತದೆ. ಕಾವಲು, ಬೇಟೆ, ಯಂತ್ರ ರಿಪೇರಿ ಎಂದು ನಗುತ್ತ ಹೇಳುವ ಮಕ್ಕಳೇ ಹೆಚ್ಚು. ಚಿಕ್ಕವರನ್ನು ನೋಡಿಕೊಳ್ಳುವ ಕೆಲಸ, ಅದನ್ನು ಬೇರೆ ಯಾರೂ ಮಾಡುವುದಿಲ್ಲವಲ್ಲ ಎಂದು ತಡೆಯಿಲ್ಲದೆ ಹೇಳುವ ಮಗು ಸಿಕ್ಕರೆ, ಮನೆಯಲ್ಲಿ ಈಗ ಯಾವ ಕೆಲಸಗಳು ಅವಳ ಮೇಲಿವೆ ಎಂದು ದೊಡ್ಡವರು ತಮ್ಮಷ್ಟಕ್ಕೆ ಪಟ್ಟಿ ಮಾಡಿಕೊಳ್ಳಬೇಕು. ಊಟ ಬಿಡುವುದು, ನಿದ್ರೆ ಕೆಡುವುದು, ತನ್ನನ್ನು ಗಾಯಗೊಳಿಸಿಕೊಳ್ಳುವುದು ಕಂಡರೆ ಚಿಕಿತ್ಸಕರನ್ನು ಕಾಣಲು ತಡ ಮಾಡಬಾರದು.

ಕೆಲಸವನ್ನು ಹಿಂದಕ್ಕೆ ಪಡೆಯುವುದರಲ್ಲಿ ಒಂದು ಎಚ್ಚರ ಬೇಕು. ಇಂದಿನಿಂದ ನೀನು ಏನೂ ಮಾಡಬೇಡ ಎಂದು ಒಮ್ಮೆಲೇ ಎಲ್ಲವನ್ನೂ ಕಿತ್ತುಕೊಂಡರೆ ಮಗುವಿಗೆ ಬಿಡುಗಡೆ ಸಿಕ್ಕಂತಾಗುವುದಿಲ್ಲ, ತನ್ನನ್ನು ಕೆಲಸದಿಂದ ತೆಗೆದುಹಾಕಿದರು ಎಂಬ ಅವಮಾನವಾಗುತ್ತದೆ. ಇಷ್ಟು ದಿನ ನೀನು ಮಾಡಿದೆ, ಅದು ನಮಗೆ ಗೊತ್ತು ಎಂದು ಮೊದಲು ಹೇಳಬೇಕು. ಆಮೇಲೆ ಒಂದೊಂದಾಗಿ, ರಾತ್ರಿಯ ಹೊತ್ತಿನ ಕೆಲಸಗಳಿಂದ ಆರಂಭಿಸಿ, ದೊಡ್ಡವರೊಬ್ಬರು ವಹಿಸಿಕೊಳ್ಳಬೇಕು. ವಹಿಸಿಕೊಂಡ ದೊಡ್ಡವರು ಅದನ್ನು ಅವಳಷ್ಟು ಚೊಕ್ಕಟವಾಗಿ ಮಾಡದೇ ಇರಬಹುದು, ಮಾತ್ರೆ ಹತ್ತು ನಿಮಿಷ ತಡವಾಗಬಹುದು, ಅವಳು ಹಿಂದೆಯೇ ನಿಂತು ತಪ್ಪು ತೋರಿಸಬಹುದು. ಆಗ ರೇಗದೆ, ಕೆಲಸವನ್ನು ಅವಳ ಕೈಗೆ ಹಿಂತಿರುಗಿಸದೆ, ಮರುದಿನವೂ ಅದೇ ಹೊತ್ತಿಗೆ ತಾವೇ ಮಾಡಬೇಕು.