ಲೆನ್ಸ್ ಒರೆಸಿದ್ರೂ ಹೋಗದ ಚುಕ್ಕೆ

ನನ್ನ ಹಳೇ ಡಿಎಸ್‌ಎಲ್‌ಆರ್‌ ಕ್ಯಾಮೆರಾದಲ್ಲಿ ಏನೇ ಹೊಡೆದ್ರೂ ಬಲಗಡೆ ಮೇಲ್ಮೂಲೆಯಲ್ಲಿ ಒಂದು ಮಬ್ಬು ಚುಕ್ಕೆ ಬರೋಕೆ ಶುರುವಾಯ್ತು, ಆಕಾಶದ ಫೋಟೋ ತೆಗೆದ್ರಂತೂ ಯಾರೋ ಮಸಿ ಬೆರಳು ಒತ್ತಿದ ಹಾಗೆ. ಎಲ್ಲರೂ ಮಾಡೋದನ್ನೇ ನಾನೂ ಮಾಡ್ದೆ, ಲೆನ್ಸ್ ಒರೆಸ್ದೆ. ಹೋಗ್ಲಿಲ್ಲ. ಇನ್ನೊಂದ್ಸಲ ಉಜ್ಜಿ ಒರೆಸ್ದೆ, ಊಹೂಂ. ಆಮೇಲೆ ಬೇರೆ ಲೆನ್ಸ್ ಹಾಕಿ ನೋಡಿದ್ರೂ ಚುಕ್ಕೆ ಅದೇ ಜಾಗದಲ್ಲಿ ಗಟ್ಟಿಯಾಗಿ ಕೂತಿತ್ತು, ಆಗ ಗೊತ್ತಾಯ್ತು ಕಳ್ಳ ಮನೆ ಒಳಗೇ ಇದಾನೆ ಅಂತ.

ನಿಜ ಹೇಳ್ಬೇಕಂದ್ರೆ ಲೆನ್ಸ್ ಮೇಲಿನ ಧೂಳು ಫೋಟೋದಲ್ಲಿ ಚುಕ್ಕೆಯಾಗಿ ಮೂಡೋದೇ ಅಪರೂಪ. ಎದುರಿಗಿರೋ ಒಂದು ಎಲೆಯಿಂದ ಹೊರಟ ಬೆಳಕು ಲೆನ್ಸಿನ ಪೂರ್ತಿ ಅಗಲಕ್ಕೂ ಬೀಳುತ್ತೆ, ಅದ್ರಲ್ಲಿ ಧೂಳಿನ ಕಣ ತಡೆಯೋದು ಎಳ್ಳಷ್ಟು, ಉಳಿದಿದ್ದೆಲ್ಲ ಅಕ್ಕಪಕ್ಕದಿಂದ ದಾಟಿ ಎಲೆ ಸರಿಯಾಗೇ ಬರುತ್ತೆ. ಕ್ಯಾಮೆರಾ ಒಳಗೆ ಬೆಳಕನ್ನ ಹಿಡಿದು ಚಿತ್ರ ಮಾಡೋ ಸೆನ್ಸರ್ ಮುಂದಿರೋ ತೆಳು ಗಾಜಿನ ಮೇಲೆ ಕೂತ ಕಣ ಹಾಗಲ್ಲ, ಅದು ಚಿತ್ರ ಮೂಡೋ ಜಾಗದ ಪಕ್ಕದಲ್ಲೇ ಇರೋದ್ರಿಂದ ಸೀದಾ ನೆರಳು ಬೀಳಿಸುತ್ತೆ. ಟ್ಯೂಬ್‌ಲೈಟ್ ಕೆಳಗೆ ಪೆನ್ಸಿಲ್ ಹಿಡಿದ್ರೆ ನೆರಳು ಹರಡ್ಕೊಂಡು ಮಸುಕಾಗುತ್ತೆ, ಸಣ್ಣ ಟಾರ್ಚ್ ಮುಂದೆ ಹಿಡಿದ್ರೆ ಚೂಪಾಗಿ ಬೀಳುತ್ತೆ ಅಲ್ವಾ, ಇಲ್ಲೂ ಅದೇ. ಲೆನ್ಸಿನೊಳಗೆ ಬೆಳಕು ಬರೋ ಕಿಂಡಿಯ ಅಳತೆ ಹೇಳೋದು ಎಫ್ ಸಂಖ್ಯೆ, ಅದು ಹೆಚ್ಚಾದಷ್ಟೂ ಕಿಂಡಿ ಚಿಕ್ಕದು. 50 ಎಂಎಂ ಲೆನ್ಸಿಗೆ ಎಫ್ 2 ಇಟ್ರೆ ಕಿಂಡಿ 25 ಮಿಲಿಮೀಟರ್, ಎಫ್ 16 ಇಟ್ರೆ ಬರೀ 3 ಚಿಲ್ಲರೆ. ಚಿಕ್ಕ ಕಿಂಡಿ ಟಾರ್ಚಿನ ಹಾಗೆ, ಅದಕ್ಕೇ ಎಫ್ 2ರಲ್ಲಿ ಕಾಣದೇ ಇದ್ದ ಧೂಳು ಎಫ್ 16ರಲ್ಲಿ ಎದ್ದು ಕಾಣುತ್ತೆ.

ಹಾಗಾಗಿ ಅನುಮಾನ ಬಂದ್ರೆ ಎಫ್ 16 ಇಟ್ಟು, ಫೋಕಸ್ ಕೆಡಿಸಿ, ಬಿಳೀ ಗೋಡೇದು ಒಂದು ಫೋಟೋ ಹೊಡೀರಿ. ಇನ್ನೊಂದು ತಮಾಷೆ ಅಂದ್ರೆ ಲೆನ್ಸ್ ಚಿತ್ರವನ್ನ ತಲೆಕೆಳಗಾಗಿ ಬೀಳಿಸುತ್ತೆ, ಅಂದ್ಮೇಲೆ ಫೋಟೋದಲ್ಲಿ ಬಲಗಡೆ ಮೇಲಿರೋ ಚುಕ್ಕೆಗೆ ಕಾರಣವಾದ ಧೂಳು, ಲೆನ್ಸ್ ಬಿಚ್ಚಿ ಮುಂದಿನಿಂದ ನೋಡಿದ್ರೆ, ಬಲಗಡೆ ಕೆಳಗಿರುತ್ತೆ. ಇದು ಗೊತ್ತಿಲ್ದೇ ನಾನು ಮೇಲ್ಗಡೇನೇ ಗಾಳಿ ಹಾಕ್ತಾ ಕೂತಿದ್ದೆ. ಸೆನ್ಸರ್ ಮುಂದಿನ ಕನ್ನಡಿ ಎತ್ತಿ ಹಿಡಿಯೋ ಕ್ಲೀನಿಂಗ್ ಮೋಡ್ ಆನ್ ಮಾಡಿ, ಕ್ಯಾಮೆರಾ ಮುಖ ಕೆಳಗೆ ಮಾಡಿ, ರಬ್ಬರ್ ಬ್ಲೋವರ್‌ನಲ್ಲಿ ನಾಲ್ಕು ಸಲ ಊದಿದ್ದಕ್ಕೆ ಹೋಯ್ತು. ಬಾಯಿಂದ ಮಾತ್ರ ಊದ್ಬೇಡಿ, ಎಂಜಲು ಹಾರಿ ಧೂಳಿಗಿಂತ ದೊಡ್ಡ ಕಲೆ ಕೂರುತ್ತೆ.

ಚುಕ್ಕೆ ಕಪ್ಪಗಿಲ್ದೇ ಕೆಂಪೋ ನೀಲಿಯೋ ಆಗಿ ಮಿಂಚ್ತಿದ್ರೆ ಅದು ಧೂಳಲ್ಲ, ಹಾಟ್ ಪಿಕ್ಸೆಲ್, ಅಂದ್ರೆ ಸೆನ್ಸರ್ ಮೇಲೆ ಬೆಳಕು ಹಿಡಿಯೋ ಪುಟ್ಟ ಬಿಂದುಗಳಲ್ಲಿ (ಪಿಕ್ಸೆಲ್) ಹದ ತಪ್ಪಿದ ಒಂದು. ಬೆಳಕು ಬೀಳದಿದ್ರೂ ಬರೀ ಶಾಖಕ್ಕೇ ಸೆನ್ಸರಿನ ಸಿಲಿಕಾನ್‌ನಲ್ಲಿ ಎಲೆಕ್ಟ್ರಾನ್‌ಗಳು ಬಿಡುಗಡೆ ಆಗ್ತಿರುತ್ತವೆ, ಸುಮಾರು 6ರಿಂದ 8 ಡಿಗ್ರಿ ಬಿಸಿ ಏರಿದ್ರೆ ಈ ಸೋರಿಕೆ ದುಪ್ಪಟ್ಟು, ಕೆಲವು ಪಿಕ್ಸೆಲ್‌ಗಳಲ್ಲಿ ಇದು ವಿಪರೀತ. ಬಣ್ಣ ಯಾಕೆ ಅಂದ್ರೆ ಪ್ರತಿ ಪಿಕ್ಸೆಲ್ ಮೇಲೂ ಕೆಂಪು, ಹಸಿರು, ನೀಲಿ ಇವುಗಳಲ್ಲಿ ಒಂದು ಫಿಲ್ಟರ್ ಇರುತ್ತೆ, 1976ರಲ್ಲಿ ಕೊಡಾಕ್‌ನ ಬ್ರೈಸ್ ಬೇಯರ್ ಪೇಟೆಂಟ್ ಪಡೆದ ಜೋಡಣೆ ಅದು. ರಾತ್ರಿ 30 ಸೆಕೆಂಡ್ ಎಕ್ಸ್‌ಪೋಶರ್ ಆದ್ಮೇಲೆ ಕ್ಯಾಮೆರಾ ಇನ್ನೂ 30 ಸೆಕೆಂಡ್ ಸುಮ್ನೆ ಕೂರುತ್ತಲ್ಲ, ಅದು ಶಟರ್ ಮುಚ್ಕೊಂಡು ಇನ್ನೊಂದು ಕತ್ತಲೆ ಫೋಟೋ ತೆಗೆದು ಈ ಮಿಂಚುಗಳನ್ನ ಕಳೀತಿರುತ್ತೆ. ಹ್ಯಾಂಗ್ ಆಯ್ತು ಅಂತ ಬ್ಯಾಟರಿ ಕಿತ್ತಾಕೋರನ್ನ ನಾನೇ ನೋಡಿದೀನಿ.

ಮೆಮೊರಿ ಕಾರ್ಡ್ ಎರರ್ ಬಂದ್ರೆ ಮೊದ್ಲು ಕಾರ್ಡಿನ ಪಕ್ಕದಲ್ಲಿರೋ ಪುಟ್ಟ ಲಾಕ್ ಸರಿದಿದೆಯಾ ನೋಡಿ. ಫೋಟೋ ಅಪ್ಪಿತಪ್ಪಿ ಡಿಲೀಟ್ ಆಗಿದ್ರೆ ಆ ಕಾರ್ಡಿಗೆ ಇನ್ನೊಂದೂ ಹೊಡೀಬೇಡಿ, ಯಾಕಂದ್ರೆ ಸಾಮಾನ್ಯವಾಗಿ ಅಳಿಸಿಹೋಗೋದು ಪಟ್ಟಿಯಲ್ಲಿನ ಹೆಸರಷ್ಟೇ, ಫೋಟೋ ಅದರ ಮೇಲೆ ಹೊಸದು ಬರೆಯೋವರೆಗೂ ಅಲ್ಲೇ ಇರುತ್ತೆ, ಫೋಟೋರೆಕ್ ಅನ್ನೋ ಉಚಿತ ಸಾಫ್ಟ್‌ವೇರ್ ಅದನ್ನ ಹುಡುಕಿ ತೆಗೆಯುತ್ತೆ.

ಫ್ಲಾಶ್ ಕೆಟ್ಟಿದೆ ಅಂತ ಮಾತ್ರ ಸ್ಕ್ರೂಡ್ರೈವರ್ ಹಿಡಿದು ಕೂರ್ಬೇಡಿ. ಅದರಲ್ಲಿ ಕರೆಂಟ್ ಕೂಡಿಟ್ಕೊಳ್ಳೋ ಕೆಪಾಸಿಟರ್‌ನಲ್ಲಿ ಸುಮಾರು 300 ವೋಲ್ಟ್ ತುಂಬಿರುತ್ತೆ, ಬ್ಯಾಟರಿ ತೆಗೆದ್ಮೇಲೂ ಅದು ತಕ್ಷಣ ಖಾಲಿಯಾಗಲ್ಲ.