ಕಲ್ಲು ನುಡಿಸುತ್ತಿದ್ದ ಅಜ್ಜ ಮತ್ತು ಟಾನ್ ಡುನ್

1981ರಲ್ಲಿ ಬೀಜಿಂಗ್‌ನ ಕೇಂದ್ರೀಯ ಸಂಗೀತ ಮಹಾವಿದ್ಯಾಲಯದ ವಿದ್ಯಾರ್ಥಿಯೊಬ್ಬ ತನ್ನ ಹುಟ್ಟುನಾಡು ಹುನಾನ್ ಪ್ರಾಂತ್ಯದ ಪಶ್ಚಿಮ ಭಾಗದ ಗುಡ್ಡಗಾಡಿಗೆ ಹೋದ. ಅಲ್ಲಿ ತುಜಿಯಾ ಜನರ ಹಳ್ಳಿಯೊಂದರಲ್ಲಿ ಕಲ್ಲು ನುಡಿಸುವ ಅಜ್ಜನೊಬ್ಬನಿದ್ದ. ಎಂಟು ದಿಕ್ಕಿನ ಮಂಡಲದಂತೆ ನೆಲದ ಮೇಲೆ ಕಲ್ಲುಗಳನ್ನು ಜೋಡಿಸಿಕೊಂಡು, ಅವುಗಳನ್ನು ಬಾರಿಸುತ್ತಾ, ದನಿಯೆತ್ತಿ ಗಾಳಿಯೊಡನೆ, ಮೋಡದೊಡನೆ, ಮರದ ಎಲೆಗಳೊಡನೆ ಮಾತಾಡುತ್ತಿದ್ದ. ಹುಡುಗ ದಂಗಾಗಿ ಕೂತು ಕೇಳಿದ. ಮತ್ತೆ ಬಂದು ನಿಮ್ಮಿಂದ ಕಲಿಯುತ್ತೇನೆ ಎಂದು ಹೇಳಿ ಹೊರಟ. ಮರಳಿ ಬಂದದ್ದು 1999ರಲ್ಲಿ. ಅಷ್ಟು ಹೊತ್ತಿಗೆ ಅಜ್ಜ ತೀರಿಕೊಂಡಿದ್ದ. ಅವನ ಜೊತೆಗೆ ಆ ವಿದ್ಯೆಯೂ ಹೋಗಿತ್ತು.

ಆ ವಿದ್ಯಾರ್ಥಿ ಟಾನ್ ಡುನ್. ಇಂದು ಚೀನಾದ ಸಂಗೀತ ಸಂಯೋಜಕರಲ್ಲಿ ಜಗತ್ತಿಗೆ ಹೆಚ್ಚು ಪರಿಚಿತವಾದ ಹೆಸರುಗಳಲ್ಲಿ ಒಂದು. ನಮ್ಮಲ್ಲಿ ಬಹಳ ಮಂದಿಗೆ ಅವರು ಗೊತ್ತಿರುವುದು 'ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್' ಚಿತ್ರದ ಸಂಗೀತಕ್ಕೆ 2001ರಲ್ಲಿ ಆಸ್ಕರ್ ಪಡೆದವರೆಂದು. ಅದು ತಪ್ಪೇನಲ್ಲ. ಆದರೆ ಆ ಪ್ರಶಸ್ತಿಯಿಂದ ಹಿಂದಕ್ಕೆ ಹೋಗದೆ ಅವರ ಆರ್ಕೆಸ್ಟ್ರಾದಲ್ಲಿ ನೀರಿನ ಬೋಗುಣಿ, ಕಲ್ಲು, ಕಾಗದ ಯಾಕೆ ಬಂದು ಕೂತವು ಎಂಬುದು ಅರ್ಥವಾಗುವುದಿಲ್ಲ. ಕೆಲವರು ಅದನ್ನು ಗಿಮಿಕ್ ಎನ್ನುತ್ತಾರೆ. ಅದು ಗಿಮಿಕ್ ಅಲ್ಲ ಎಂದು ನಾನು ನಂಬಿದ್ದೇನೆ. ಕಾರಣ ಅವರ ಬಾಲ್ಯದಲ್ಲಿದೆ, ಚೀನಾದ ಸಂಗೀತ ಶಾಲೆಗಳಿಗೆ ಬೀಗ ಬಿದ್ದ ಹತ್ತು ವರ್ಷಗಳಲ್ಲಿದೆ.

ಟಾನ್ ಹುಟ್ಟಿದ್ದು 1957ರಲ್ಲಿ, ಹುನಾನ್‌ನ ರಾಜಧಾನಿ ಚಾಂಗ್‌ಶಾ ಬಳಿಯ ಹಳ್ಳಿಯಲ್ಲಿ. ಬೆಳೆದದ್ದು ಅಜ್ಜಿಯ ಮಡಿಲಲ್ಲಿ. ಊರಲ್ಲಿ ಸಾವಾದರೆ ರಾತ್ರಿಯಿಡೀ ಹಾಡು, ಮದುವೆಯಾದರೆ ವಾಲಗ, ದೆವ್ವ ಬಿಡಿಸಲು ಮಾಂತ್ರಿಕ ಬಂದರೆ ಅವನದೇ ಒಂದು ಕುಣಿತ, ಒಂದು ತಾಳ. ಕೈಗೆ ಸಿಕ್ಕ ಕಲ್ಲು, ಪಾತ್ರೆ, ನೀರು ಎಲ್ಲವೂ ವಾದ್ಯ. ಹೆಂಗಸರು ಹೊಳೆಯ ದಂಡೆಯಲ್ಲಿ ಅಕ್ಕಿ ತೊಳೆಯುತ್ತಾ, ಬಟ್ಟೆ ಒಗೆಯುತ್ತಾ ಎಬ್ಬಿಸುತ್ತಿದ್ದ ನೀರಿನ ಸದ್ದನ್ನು ಕೇಳುತ್ತಲೇ ಬೆಳೆದವನು ತಾನು ಎಂದು ಅವರು ಸಂದರ್ಶನಗಳಲ್ಲಿ ಹೇಳುತ್ತಾ ಬಂದಿದ್ದಾರೆ. ಚಿಕ್ಕವನಿದ್ದಾಗ ಅವರಿಗಿದ್ದ ಆಸೆ ಊರ ಮಾಂತ್ರಿಕನಾಗಬೇಕೆಂಬುದು.

ಹುಡುಗನಿಗೆ ಒಂಬತ್ತು ತುಂಬುವ ಮೊದಲೇ, 1966ರಲ್ಲಿ, ಹಳೆಯ ಸಂಸ್ಕೃತಿಯ ವಿರುದ್ಧ ಮಾವೋ ಎಬ್ಬಿಸಿದ ಸಾಂಸ್ಕೃತಿಕ ಕ್ರಾಂತಿ ಶುರುವಾಯಿತು. ಪಶ್ಚಿಮದ ಸಂಗೀತವನ್ನು ಚೀನಾ ಶಿಸ್ತಾಗಿ ಕಲಿಯತೊಡಗಿ ಆಗ ನಲವತ್ತು ವರ್ಷವೂ ಆಗಿರಲಿಲ್ಲ. ಶಾಂಘೈನಲ್ಲಿ ಸಂಗೀತ ಮಹಾವಿದ್ಯಾಲಯ ಸ್ಥಾಪನೆಯಾದದ್ದು 1927ರಲ್ಲಿ. ಈಗ ಬಾಖ್, ಬೀಥೋವನ್ 'ಬೂರ್ಜ್ವಾ'ಗಳಾದರು. ಜೊತೆಗೇ ಹಳ್ಳಿಯ ಸಾವಿನ ಹಾಡು, ಮಾಂತ್ರಿಕನ ತಾಳ 'ಮೂಢನಂಬಿಕೆ'ಗಳಾದವು. ಎರಡೂ ಕಡೆಯ ಬಾಗಿಲು ಒಟ್ಟಿಗೇ ಮುಚ್ಚಿತು. ಶಾಂಘೈ ಮಹಾವಿದ್ಯಾಲಯದ ಮುಖ್ಯಸ್ಥ ಹೆ ಲ್ಯೂಟಿಂಗ್ ಅವರನ್ನು ಟಿವಿ ಕ್ಯಾಮೆರಾ ಎದುರು ನಿಲ್ಲಿಸಿ ಅವಮಾನಿಸಿದರು. ಅವರು ತಲೆ ಬಾಗದೆ, ಆರೋಪಗಳೆಲ್ಲ ಸುಳ್ಳು ಎಂದು ಅಲ್ಲೇ ಕೂಗಿದರು. ಬೀಜಿಂಗ್‌ನ ಮಹಾವಿದ್ಯಾಲಯದ ಅಧ್ಯಕ್ಷರಾಗಿದ್ದ ವಯಲಿನ್ ವಾದಕ ಮಾ ಸಿತ್ಸೊಂಗ್ 1967ರಲ್ಲಿ ದೋಣಿ ಹತ್ತಿ ಹಾಂಗ್‌ಕಾಂಗ್‌ಗೆ ತಪ್ಪಿಸಿಕೊಂಡು, ಅಲ್ಲಿಂದ ಅಮೆರಿಕ ಸೇರಿದರು. ವೇದಿಕೆಯಲ್ಲಿ ಉಳಿದದ್ದು ಮಾವೋ ಪತ್ನಿ ಜಿಯಾಂಗ್ ಚಿಂಗ್ ಮೆಚ್ಚಿದ ಕೆಲವೇ 'ಮಾದರಿ ಕೃತಿ'ಗಳು.

ಹದಿಹರೆಯದ ಟಾನ್‌ನನ್ನು ಕಮ್ಯೂನ್‌ನಲ್ಲಿ, ಎಂದರೆ ಸಾಮೂಹಿಕ ಬೇಸಾಯದ ಹಳ್ಳಿಯಲ್ಲಿ, ಭತ್ತದ ನಾಟಿಗೆ ಕಳಿಸಿದರು. ಅಲ್ಲಿ ಅವನು ಊರವರನ್ನು ಕೂಡಿಸಿಕೊಂಡು, ಸಿಕ್ಕಿದ್ದನ್ನೆಲ್ಲ ವಾದ್ಯ ಮಾಡಿಕೊಂಡು ನುಡಿಸತೊಡಗಿದ. ಅಷ್ಟರಲ್ಲಿ ಪೀಕಿಂಗ್ ಆಪೆರಾ ಮೇಳವೊಂದು ಸಾಗುತ್ತಿದ್ದ ದೋಣಿ ಮುಳುಗಿ ಹಲವು ಕಲಾವಿದರು ಸತ್ತರು. ಖಾಲಿಯಾದ ಜಾಗಕ್ಕೆ ಜನ ಬೇಕಿತ್ತು. ಪಿಟೀಲಿನಂತಹ ತಂತಿವಾದ್ಯ ನುಡಿಸುವ ಈ ಹುಡುಗನನ್ನು ಕರೆದರು. ಅಷ್ಟು ಜನರ ಸಾವಿನ ನಂತರ ಅವನು ಗದ್ದೆಯಿಂದ ಮೇಲೆದ್ದು ಮೇಳಕ್ಕೆ ಬಂದ.

ಬೀಥೋವನ್ ಯಾರೆಂದು ಅವನಿಗೆ ಗೊತ್ತಿರಲಿಲ್ಲ. 1973ರಲ್ಲಿ ಯೂಜೀನ್ ಓರ್ಮಂಡಿ ನೇತೃತ್ವದ ಫಿಲಡೆಲ್ಫಿಯಾ ಆರ್ಕೆಸ್ಟ್ರಾ ಚೀನಾಕ್ಕೆ ಬಂದು ನುಡಿಸಿ ಹೋಗಿತ್ತು, ನಿಜ. ಆದರೆ ಸಾಮಾನ್ಯ ಜನಕ್ಕೆ ಗಾಳಿ ಬದಲಾದದ್ದು ತಿಳಿದದ್ದು 1977ರ ಮಾರ್ಚ್‌ನಲ್ಲಿ. ಬೀಥೋವನ್ ತೀರಿಕೊಂಡು 150 ವರ್ಷ ತುಂಬಿದ ನೆಪದಲ್ಲಿ ಆರ್ಕೆಸ್ಟ್ರಾ ನಡೆಸುವ ಕಂಡಕ್ಟರ್ ಲಿ ಡೆಲುನ್ ಬೀಜಿಂಗ್‌ನಲ್ಲಿ ಐದನೇ ಸಿಂಫನಿ ನುಡಿಸಿದರು. ಹತ್ತು ವರ್ಷ ಬಾಯಿ ಕಟ್ಟಿಸಿಕೊಂಡಿದ್ದ ದೇಶದ ರೇಡಿಯೋದಲ್ಲಿ ಅದರ ಆರಂಭದ ನಾಲ್ಕು ಸ್ವರಗಳು ಕೇಳಿದಾಗ ಜನರಿಗೆ ಏನನಿಸಿರಬೇಕು ಎಂದು ಯೋಚಿಸಿದರೆ ನನಗೆ ಈಗಲೂ ಮೈ ನವಿರೇಳುತ್ತದೆ.

ಬೀಜಿಂಗ್‌ನ ಮಹಾವಿದ್ಯಾಲಯ ಮತ್ತೆ ಬಾಗಿಲು ತೆರೆದಾಗ ಅರ್ಜಿ ಹಾಕಿದವರು ಸಾವಿರಾರು ಮಂದಿ. ಹತ್ತು ವರ್ಷಗಳ ಹಸಿವು ಒಂದೇ ಸಲ ಸಾಲಾಗಿ ನಿಂತಿತ್ತು. ಒಳಗೆ ಸೇರಿದವರಲ್ಲಿ ಟಾನ್ ಡುನ್ ಒಬ್ಬರು. ಅವರ ಜೊತೆ ಓದಿದವರ ಪಟ್ಟಿ ನೋಡಿ: ಚೆನ್ ಯಿ, ಝೌ ಲಾಂಗ್, ಚೆನ್ ಚಿಗಾಂಗ್, ಗುವೊ ವೆನ್‌ಜಿಂಗ್, ಯೆ ಶಿಯಾವೊಗಾಂಗ್. ಮುಂದೆ ಝೌ ಲಾಂಗ್ 2011ರಲ್ಲಿ ಸಂಗೀತದ ಪುಲಿಟ್ಜರ್ ಪ್ರಶಸ್ತಿ ಪಡೆದರು. ಚೆನ್ ಚಿಗಾಂಗ್ ಪ್ಯಾರಿಸ್‌ನಲ್ಲಿ ಫ್ರಾನ್ಸ್‌ನ ಸಂಯೋಜಕ ಮೆಸಿಯಾನ್ ಬಳಿ ಕಲಿತು, 2008ರ ಬೀಜಿಂಗ್ ಒಲಿಂಪಿಕ್ಸ್ ಉದ್ಘಾಟನೆಯ ಸಂಗೀತ ನಿರ್ದೇಶಕರಾದರು. ಒಂದೇ ತಲೆಮಾರಿನಿಂದ ಇಷ್ಟು ಜನ ಹೇಗೆ ಹೊರಬಂದರು? ಶಾಲೆ ಮುಚ್ಚಿದ್ದ ಕಾಲದಲ್ಲಿ ಇವರಲ್ಲಿ ಹಲವರು ಹಳ್ಳಿಯಲ್ಲಿದ್ದರು, ಮೇಳಗಳಲ್ಲಿದ್ದರು. ಪುಸ್ತಕದಲ್ಲಿ ಸಿಗದ ಸಂಗೀತ ಕಿವಿಗೆ ಬಿದ್ದಿತ್ತು. ಹಾಗೆಂದು ಆ ಹತ್ತು ವರ್ಷಗಳನ್ನು ಯಾರೂ ಹೊಗಳಬೇಕಾಗಿಲ್ಲ. ಅವು ಎಷ್ಟು ಜನರನ್ನು ಮುರಿದವು ಎಂಬ ಲೆಕ್ಕದ ಮುಂದೆ ಈ ಕೆಲವರ ಗೆಲುವು ಸಣ್ಣದು.

1980ರಲ್ಲಿ ಇಂಗ್ಲೆಂಡಿನ ಸಂಯೋಜಕ ಅಲೆಕ್ಸಾಂಡರ್ ಗೋರ್ ಬೀಜಿಂಗ್‌ಗೆ ಪಾಠ ಮಾಡಲು ಬಂದರು. ಇಪ್ಪತ್ತನೇ ಶತಮಾನದ ಪಶ್ಚಿಮದಲ್ಲಿ ಏನೇನು ನಡೆದಿದೆ ಎಂದು ಈ ಹುಡುಗರಿಗೆ ಗೊತ್ತಾದದ್ದು ಆಗ. 1983ರಲ್ಲಿ ಟಾನ್ ಅವರ ತಂತಿವಾದ್ಯ ಚತುಷ್ಟಯ 'ಫೆಂಗ್ ಯಾ ಸೊಂಗ್' ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಬಹುಮಾನ ಗೆದ್ದಿತು. ಅದೇ ವರ್ಷ ಚೀನಾದಲ್ಲಿ 'ಮಾನಸಿಕ ಮಾಲಿನ್ಯ'ದ, ಎಂದರೆ ಪಶ್ಚಿಮದ ಪ್ರಭಾವದ, ವಿರುದ್ಧ ಸರ್ಕಾರಿ ಚಳವಳಿ ಎದ್ದಿತು. ಹೊರಗೆ ಮೆಚ್ಚುಗೆ, ಊರಲ್ಲಿ ಕೆಂಗಣ್ಣು. ಕೆಲವು ತಿಂಗಳು ಅವರ ಸಂಗೀತ ನುಡಿಸುವಂತಿರಲಿಲ್ಲ. 1985ರಲ್ಲಿ, ಸಾಕಿ ಬೆಳೆಸಿದ ಅಜ್ಜಿಯ ಅಂತ್ಯಕ್ರಿಯೆಗೆ ಹೋಗಿ ಬಂದ ಮೇಲೆ ಬರೆದ ಕೃತಿ 'ಆನ್ ಟಾವೋಯಿಸಂ'. ಅದರಲ್ಲಿ ಮನುಷ್ಯ ದನಿ ಹಾಡುವುದಕ್ಕಿಂತ ಹೆಚ್ಚಾಗಿ ಗೊಣಗುತ್ತದೆ, ಕೂಗುತ್ತದೆ, ಮೊರೆಯಿಡುತ್ತದೆ. ಊರ ಸಾವಿನ ಹಾಡು ದೊಡ್ಡ ಆರ್ಕೆಸ್ಟ್ರಾದೊಳಗೆ ಬಂದದ್ದು ಹಾಗೆ.

ಮರುವರ್ಷ ಅವರು ನ್ಯೂಯಾರ್ಕ್‌ಗೆ ಹೋದರು. ಕರೆಸಿಕೊಂಡವರು ಕೊಲಂಬಿಯಾ ವಿಶ್ವವಿದ್ಯಾಲಯದ ಚೌ ವೆನ್‌ಚುಂಗ್, ತಾವೂ ಚೀನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಸಂಯೋಜಕರು. ಈ ತಲೆಮಾರಿನ ಹಲವರಿಗೆ ಅಮೆರಿಕದ ದಾರಿ ತೋರಿಸಿದವರೂ ಅವರೇ. ಕೈಯಲ್ಲಿ ದುಡ್ಡಿಲ್ಲದ ಟಾನ್ ಗ್ರೀನಿಚ್ ವಿಲೇಜ್‌ನ ಬೀದಿಯಲ್ಲಿ ವಯಲಿನ್ ನುಡಿಸಿ ಕಾಸು ಕೂಡಿಸಿದರು. ಅಮೆರಿಕದ ಸಂಯೋಜಕ ಜಾನ್ ಕೇಜ್ ಪರಿಚಯವಾದದ್ದೂ ಆ ಊರಿನಲ್ಲೇ. ಸದ್ದು, ಮೌನ ಎಲ್ಲವೂ ಸಂಗೀತವೇ ಎನ್ನುತ್ತಿದ್ದ ಕೇಜ್‌ರ ಮಾತು ಹುನಾನ್‌ನ ಹುಡುಗನಿಗೆ ಹೊಸದಾಗಿ ಕೇಳಿಸಿರಲಾರದು. ಅಜ್ಜಿಯ ಮನೆಯ ಪಾಠವೇ ಬೇರೆ ಭಾಷೆಯಲ್ಲಿ ಮರಳಿ ಬಂದಿತ್ತು.

ನೀರಿನ ಕೃತಿಗಳನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 'ವಾಟರ್ ಕನ್ಸರ್ಟೊ' 1999ರಲ್ಲಿ ಕರ್ಟ್ ಮಸೂರ್ ನಿರ್ದೇಶನದಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ನುಡಿಸಿದ ಕೃತಿ. ಜಪಾನಿನ ಸಂಯೋಜಕ ಟೋರು ತಕೆಮಿತ್ಸು ನೆನಪಿಗೆ ಅರ್ಪಿತ. ವೇದಿಕೆಯ ಮುಂದೆ ಅರ್ಧಗೋಳಾಕಾರದ ಪಾರದರ್ಶಕ ಬೋಗುಣಿಗಳು, ಅವುಗಳಲ್ಲಿ ನೀರು, ಕೆಳಗಿನಿಂದ ಬೆಳಕು. ವಾದಕ ಅಂಗಿಯ ತೋಳು ಮಡಚಿ ಅಂಗೈಯಿಂದ ನೀರಿಗೆ ಹೊಡೆಯುತ್ತಾನೆ. ಮರದ ಬಟ್ಟಲನ್ನು ನೀರಿನ ಮೇಲೆ ಬೋರಲು ತೇಲಿಸಿ ಅದನ್ನೇ ಡೋಲಿನಂತೆ ಬಾರಿಸುತ್ತಾನೆ; ಒಳಗೆ ಗಾಳಿ ಸಿಕ್ಕಿಕೊಂಡು ಹೊಟ್ಟೆಯಾಳದ ಸದ್ದು ಬರುತ್ತದೆ. ಜಾಗಟೆಯಂತಹ ಗಾಂಗ್ ಬಾರಿಸಿ, ಅದರ ನಾದ ಇನ್ನೂ ಇರುವಾಗಲೇ ನೀರಿಗೆ ಅದ್ದುತ್ತಾನೆ. ಸ್ವರ ಕಣ್ಣೆದುರೇ ಜಾರುತ್ತದೆ. ನಮ್ಮ ಜಲತರಂಗ ಬಲ್ಲವರಿಗೆ ಒಂದು ಮಾತು: ಜಲತರಂಗದಲ್ಲಿ ನುಡಿಯುವುದು ಬಟ್ಟಲು, ನೀರು ಬರೇ ಶ್ರುತಿ ಸರಿಮಾಡುತ್ತದೆ. ಇಲ್ಲಿ ನುಡಿಯುವುದು ನೀರೇ. ಕೊನೆಯಲ್ಲಿ ನೀರು ಬಟ್ಟಲಿಗೆ ಮರಳಿ ಸುರಿಯುವ ಸದ್ದೂ ಬರೆದಿಟ್ಟ ಸಂಗೀತದ ಭಾಗ. ಮೊದಲ ಸಲ ಹೆಡ್‌ಫೋನ್ ಹಾಕಿ ಕೇಳಿದಾಗ, ಹೊಳೆಯ ದಂಡೆಯಲ್ಲಿ ಬಟ್ಟೆ ಒಗೆಯುವವರ ಪಕ್ಕದಲ್ಲಿ ಕೂತಂತೆ ನನಗೆ ಅನಿಸಿತು.

2000ದಲ್ಲಿ ಬಾಖ್ ತೀರಿಕೊಂಡ 250ನೇ ವರ್ಷಕ್ಕೆ ಸ್ಟುಟ್‌ಗಾರ್ಟ್‌ನ ಬಾಖ್ ಅಕಾಡೆಮಿ ನಾಲ್ವರು ಸಂಯೋಜಕರಿಂದ ನಾಲ್ಕು ಪ್ಯಾಶನ್‌ಗಳನ್ನು ಬರೆಸಿತು. ಪ್ಯಾಶನ್ ಎಂದರೆ ಯೇಸುವಿನ ಕೊನೆಯ ದಿನಗಳ ಯಾತನೆಯನ್ನು ಹಾಡಾಗಿ ಹೇಳುವ ಕೃತಿ. ಟಾನ್ ಬರೆದದ್ದು 'ವಾಟರ್ ಪ್ಯಾಶನ್'. ಅದರಲ್ಲಿ ಬೆಳಕು ಬೀರುವ 17 ನೀರಿನ ಬೋಗುಣಿಗಳು ವೇದಿಕೆಯ ಮೇಲೆ ಶಿಲುಬೆಯಾಕಾರದಲ್ಲಿ ನಿಲ್ಲುತ್ತವೆ.

ಪ್ರಶಸ್ತಿಗಳ ಪಟ್ಟಿ ಉದ್ದವಿದೆ, ಅದನ್ನು ಇಲ್ಲಿ ಓದುವುದಿಲ್ಲ. 1997ರಲ್ಲಿ ಹಾಂಗ್‌ಕಾಂಗ್ ಚೀನಾಕ್ಕೆ ಮರಳಿದಾಗ ಬರೆದ ಸಿಂಫನಿಯಲ್ಲಿ, 1978ರಲ್ಲಿ ಹುಬೈ ಪ್ರಾಂತ್ಯದ ಸಮಾಧಿಯೊಂದರಲ್ಲಿ ಸಿಕ್ಕ, ಸುಮಾರು 2,400 ವರ್ಷ ಹಳೆಯ 65 ಕಂಚಿನ ಗಂಟೆಗಳ ದನಿ ಇದೆ ಎಂಬುದನ್ನು ಮಾತ್ರ ಹೇಳಿಬಿಡುತ್ತೇನೆ. ಒಂದೊಂದು ಗಂಟೆಯಲ್ಲೂ ಎರಡೆರಡು ಸ್ವರ.

ಟೀಕೆ ಎರಡೂ ಕಡೆಯಿಂದ ಬಂದಿದೆ. ಪಶ್ಚಿಮದಲ್ಲಿ ಕೆಲವರು, ಪೂರ್ವದ ವಿಚಿತ್ರಗಳನ್ನು ಮಾರುತ್ತಾರೆ ಎಂದರು. ಚೀನಾದಲ್ಲಿ ಕೆಲವು ಹಿರಿಯ ಸಂಗೀತಗಾರರು, ಇದು ತಮಾಷೆ, ಇದರಲ್ಲಿ ಸಂಗೀತವೆಲ್ಲಿ ಎಂದು ಕೇಳಿದರು. 2006ರಲ್ಲಿ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಆಪೆರಾದಲ್ಲಿ ಪ್ಲಾಸಿಡೊ ಡೊಮಿಂಗೊ ಹಾಡಿದ 'ದಿ ಫಸ್ಟ್ ಎಂಪರರ್' ಬಗ್ಗೆ ವಿಮರ್ಶಕರು ಉತ್ಸಾಹ ತೋರಲಿಲ್ಲ. ಟಾನ್ ಪದೇಪದೇ ಕೊಡುವ ಉತ್ತರ 'ಒಂದು ಕೂಡಿಸು ಒಂದು, ಒಂದು' ಎಂಬುದು. ಎರಡು ಸಂಸ್ಕೃತಿ ಅಕ್ಕಪಕ್ಕ ಕೂತರೆ ಸಾಲದು, ಒಂದೇ ಆಗಬೇಕು ಎಂದು ಅದರರ್ಥ. ಎಲ್ಲ ಕೃತಿಗಳಲ್ಲೂ ಅದು ಆಗಿದೆ ಎಂದು ನಾನು ಹೇಳಲಾರೆ. ಆಪೆರಾಗಳಲ್ಲಿ ಕೆಲವೆಡೆ ಎರಡೂ ಬೇರೆಬೇರೆಯಾಗಿಯೇ ಉಳಿದಂತೆ ಕೇಳುತ್ತದೆ. ನೀರಿನಲ್ಲಿ, ಕಲ್ಲಿನಲ್ಲಿ ಹಾಗಲ್ಲ. ಅಲ್ಲಿ ಅವರು ಯಾರಿಂದಲೂ ಸಾಲ ತಂದಿಲ್ಲ.

ಮಹಾಯಾನ ಬೌದ್ಧಧರ್ಮದ ದಾರಿಯಲ್ಲಿ ಅವರು ನಮ್ಮ ಕಡೆಗೂ ಬಂದಿದ್ದಾರೆ. 2018ರಲ್ಲಿ ಡ್ರೆಸ್ಡೆನ್‌ನಲ್ಲಿ ಮೊದಲು ಕೇಳಿಬಂದ 'ಬುದ್ಧ ಪ್ಯಾಶನ್' ಕೃತಿಗೆ ಮೂಲ ವಾಯವ್ಯ ಚೀನಾದ ದುನ್‌ಹುವಾಂಗ್‌ನ ಮೊಗಾವೊ ಬೌದ್ಧ ಗುಹೆಗಳ ಗೋಡೆಚಿತ್ರಗಳು. ಆರು ಅಂಕಗಳ ಕೃತಿ, ಹಾಡುವುದು ಚೀನಿ ಮತ್ತು ಸಂಸ್ಕೃತದಲ್ಲಿ. ಒಂಬತ್ತು ಬಣ್ಣದ ಜಿಂಕೆಯ ಜಾತಕ ಕಥೆ ಅದರಲ್ಲಿದೆ, ಪ್ರಜ್ಞಾಪಾರಮಿತಾ ಹೃದಯ ಸೂತ್ರವೂ ಇದೆ.

ಕಲ್ಲಿನ ಅಜ್ಜನ ಬಳಿಗೆ ಬರೋಣ. ಬಾಸ್ಟನ್ ಸಿಂಫನಿಯ ಜೊತೆ ಚೆಲ್ಲೋ ವಾದಕ ಯೋ-ಯೋ ಮಾ ನುಡಿಸಲೆಂದು ಟಾನ್ ಬರೆದ 'ದಿ ಮ್ಯಾಪ್' 2003ರಲ್ಲಿ ಕೇಳಿಬಂದಿತು. ಅದಕ್ಕಾಗಿ ಅವರು ಕ್ಯಾಮೆರಾ ಹಿಡಿದು ಪಶ್ಚಿಮ ಹುನಾನ್‌ನ ತುಜಿಯಾ, ಮಿಯಾವೊ, ದೊಂಗ್ ಜನರ ಹಳ್ಳಿಗಳನ್ನು ಸುತ್ತಿದ್ದರು. ಎಲೆ ಊದುವವರು, ಅಳುವಿನ ಹಾಡಿನವರು, ನಾಲಿಗೆ ಆಡಿಸಿ ಹಾಡುವ ಹೆಂಗಸರು ತೆರೆಯ ಮೇಲೆ ಬರುತ್ತಾರೆ. ಕೆಳಗೆ ಆರ್ಕೆಸ್ಟ್ರಾ ನುಡಿಸುತ್ತದೆ. ಒಂದು ಭಾಗದಲ್ಲಿ ಹೆಂಗಸೊಬ್ಬಳು 'ಫೆಯ್ಗ' ಹಾಡುತ್ತಾಳೆ. ಹಾರುವ ಹಾಡು ಎಂದು ಆ ಮಾತಿನ ಅರ್ಥ. ಈ ಗುಡ್ಡದಿಂದ ಒಬ್ಬರು ಹಾಡಿದರೆ ಆ ಗುಡ್ಡದಿಂದ ಇನ್ನೊಬ್ಬರು ಉತ್ತರ ಕೊಡುವ ಪದ್ಧತಿ ಅದು. ಇಲ್ಲಿ ಉತ್ತರ ಕೊಡುವುದು ಸಭಾಂಗಣದಲ್ಲಿ ಕೂತ ಚೆಲ್ಲೋ. ಅವಳು ಒಂದು ಸಾಲು ಮುಗಿಸಿ ನಿಲ್ಲುತ್ತಾಳೆ, ಚೆಲ್ಲೋ ಅವಳದೇ ಜಾರುದನಿಯಲ್ಲಿ ಮರಳಿ ಕೂಗುತ್ತದೆ.

ದನಿಮುದ್ರಿಸಿ ಇಟ್ಟರೆ ಸಂಗೀತ ಉಳಿದಂತೆಯೇ ಎಂಬ ಪ್ರಶ್ನೆ ಇಲ್ಲಿ ತಪ್ಪದೆ ಬರುತ್ತದೆ. ಹತ್ತು ವರ್ಷದ ನಂತರ, 2013ರಲ್ಲಿ, ಅವರು ಹುನಾನ್‌ನ ಜಿಯಾಂಗ್‌ಯೊಂಗ್‌ನಲ್ಲಿ ಹೆಂಗಸರಷ್ಟೇ ಬರೆಯುತ್ತಿದ್ದ 'ನುಶು' ಲಿಪಿಯ ಹಾಡುಗಳನ್ನು ಹೀಗೆಯೇ ಚಿತ್ರೀಕರಿಸಿ, 13 ಕಿರುಚಿತ್ರಗಳ ಜೊತೆ ಹಾರ್ಪ್ ವಾದ್ಯಕ್ಕೆ ಕೃತಿ ಬರೆದರು. ಆ ಲಿಪಿಯನ್ನು ಬಾಲ್ಯದಿಂದ ಸಹಜವಾಗಿ ಕಲಿತು ಬಳಸಿದ ಕೊನೆಯ ಹೆಂಗಸು 2004ರಲ್ಲೇ ತೀರಿಕೊಂಡಿದ್ದರು. ಹಾಡು ಹುಟ್ಟುತ್ತಿದ್ದ ಬದುಕು ಹೋದಮೇಲೆ ಹಾಡಿನ ನೆರಳು ಮಾತ್ರ ಸಿಗುತ್ತದೆ. ಆದರೂ ನೆರಳನ್ನಾದರೂ ಹಿಡಿದವರ ಬಗ್ಗೆ ನನಗೆ ಕೃತಜ್ಞತೆಯೇ ಹೆಚ್ಚು.

'ದಿ ಮ್ಯಾಪ್' ಅದೇ 2003ರಲ್ಲಿ ಪಶ್ಚಿಮ ಹುನಾನ್‌ನ ಫೆಂಗ್‌ಹುವಾಂಗ್ ಎಂಬ ಹಳೆಯ ಪಟ್ಟಣದಲ್ಲಿ, ಹೊಳೆಯ ದಂಡೆಯ ಬಯಲಿನಲ್ಲಿ, ಆ ಸೀಮೆಯ ಜನರ ಎದುರೇ ನಡೆಯಿತು. ಅಜ್ಜನ ಸರದಿ ಬಂದಾಗ ತೆರೆಯ ಮೇಲೆ ಮೂಡುವುದು ಅಕ್ಷರಗಳು: 1981ರ ಆ ಭೇಟಿ, ಕೊಟ್ಟ ಮಾತು, ತಡವಾಗಿ ಮರಳಿದ್ದು. ಆಮೇಲೆ ಆರ್ಕೆಸ್ಟ್ರಾದ ತಾಳವಾದ್ಯದವರು ಕೈಗೆ ಕಲ್ಲು ತೆಗೆದುಕೊಳ್ಳುತ್ತಾರೆ.