ಆಯುಧ ಬಂತು, ಹಿಡಿಯುವವರು ಯಾರು?

1820ರ ದಶಕದಲ್ಲಿ ಈಜಿಪ್ಟಿನ ಹಳ್ಳಿಗಳ ಗಂಡಸರು ತಮ್ಮ ಮುಂದಿನ ಹಲ್ಲುಗಳನ್ನು ತಾವೇ ಕೀಳಿಸಿಕೊಳ್ಳುತ್ತಿದ್ದರು. ಕೆಲವರು ಬಲಗೈಯ ತೋರುಬೆರಳು ಕತ್ತರಿಸಿಕೊಂಡರು. ಇನ್ನು ಕೆಲವರು ಇಲಿಪಾಷಾಣ ಹಾಕಿ ಒಂದು ಕಣ್ಣು ಕಳೆದುಕೊಂಡರು. ಹುಚ್ಚುತನ ಅನ್ನಿಸುತ್ತದೆ ಅಲ್ವಾ? ಬಂದೂಕಿನ ಕೆಲಸ ಗೊತ್ತಿದ್ದವರಿಗೆ ಇದರ ಲೆಕ್ಕ ತಕ್ಷಣ ಹೊಳೆಯುತ್ತದೆ. ಆಗಿನ ಬಂದೂಕಿಗೆ ಮದ್ದು, ಗುಂಡು ಎರಡನ್ನೂ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದರು. ಆ ಕಾಗದದ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕು. ಬಂದೂಕಿನ ಕುದುರೆ (ಟ್ರಿಗರ್) ಎಳೆಯಲು ತೋರುಬೆರಳು ಬೇಕು. ಗುರಿ ನೋಡಲು ಕಣ್ಣು ಬೇಕು. ಈ ಮೂರರಲ್ಲಿ ಒಂದು ಇಲ್ಲದವನನ್ನು ಸೈನ್ಯಕ್ಕೆ ಹಿಡಿದುಕೊಂಡು ಹೋಗಲಾರರು ಅನ್ನುವುದು ರೈತರ ಆಸೆ.

ಸೇನೆಯ ಎಂಜಿನಿಯರ್ ದಳದಲ್ಲಿ ಹೊಸ ಹುಡುಗರಿಗೆ ತರಬೇತಿ ಕೊಡುವುದೇ ನನ್ನ ನೌಕರಿಯ ಬಹುಪಾಲು. ಹಾಗಾಗಿ ಯಾವ ದೇಶದ ಸೈನ್ಯದ ಬಗ್ಗೆ ಓದಿದರೂ ನನಗೆ ಮೊದಲು ಬರುವ ಪ್ರಶ್ನೆ ಒಂದೇ. ಈ ಆಯುಧವನ್ನು ಕಲಿಯಲು ಎಷ್ಟು ದಿನ ಬೇಕು, ಅಷ್ಟು ದಿನ ಕೂತು ಕಲಿಯುವವನು ಯಾರು? ಇದಕ್ಕೆ ಈಜಿಪ್ಟಿನಲ್ಲಿ ಬಹಳ ಹಳೆಯ ಉತ್ತರ ಸಿಗುತ್ತದೆ. ಅಲ್ಲಿನ ಆಳುವವರು ಹೊಸ ಆಯುಧ ತರಿಸಲು ಹಿಂದೆಮುಂದೆ ನೋಡಿದ್ದು ಕಡಿಮೆ. ಅದನ್ನು ಯಾರ ಕೈಗೆ ಕೊಡಬೇಕು ಅನ್ನುವಲ್ಲಿ ಮಾತ್ರ ಪ್ರತಿ ಸಲವೂ ಪೇಚಾಡಿದರು.

ಕೈರೋದ ಮ್ಯೂಸಿಯಮ್ಮಿನಲ್ಲಿ ಅಸ್ಯೂತ್‌ನ ಮೆಸೆಹ್ತಿ ಎಂಬ ಅಧಿಕಾರಿಯ ಗೋರಿಯಿಂದ ಬಂದ ಮರದ ಗೊಂಬೆಗಳಿವೆ. ಸುಮಾರು 4000 ವರ್ಷ ಹಳೆಯವು. ಒಂದು ಹಲಗೆಯ ಮೇಲೆ 40 ಈಜಿಪ್ಟಿನ ಸೈನಿಕರು. ಅವರ ಕೈಯಲ್ಲಿ ಈಟಿ ಮತ್ತು ಗುರಾಣಿ. ಗುರಾಣಿಯ ಮೇಲೆ ದನದ ಚರ್ಮದ ಮಚ್ಚೆಗಳು ಒಂದೊಂದೂ ಬೇರೆ ಬೇರೆ. ಇನ್ನೊಂದು ಹಲಗೆಯ ಮೇಲೆ 40 ನೂಬಿಯನ್ ಬಿಲ್ಲುಗಾರರು. ಕೆಲಸ ಹೇಗೆ ಹಂಚಿದ್ದರು ನೋಡಿ. ಈಟಿ ಹಿಡಿದು ಸಾಲು ಕೆಡದೆ ನಿಲ್ಲುವುದನ್ನು ಹೊಲದಿಂದ ಬಂದ ಆಳಿಗೆ ಬೇಗ ಕಲಿಸಬಹುದು. ಬಿಲ್ಲು ಹಾಗಲ್ಲ, ಅದು ಚಿಕ್ಕಂದಿನಿಂದ ಕೈಗೆ ಹತ್ತಬೇಕು. ಅದಕ್ಕೇ ಬಿಲ್ಲು ಹಿಡಿದೇ ಬೆಳೆದವರನ್ನು ದಕ್ಷಿಣದ ನೂಬಿಯಾದಿಂದ ಕರೆಸಿಕೊಂಡರು.

ಆಮೇಲೆ ಉತ್ತರದಿಂದ ಪಶ್ಚಿಮ ಏಷ್ಯಾ ಮೂಲದ ಹಿಕ್ಸೋಸರು ಬಂದರು, ಅವರ ಕಾಲದಲ್ಲಿ ಕುದುರೆ ಮತ್ತು ರಥ ಬಂದವು. ಈಜಿಪ್ಟಿನ ರಥ ಬಹಳ ಹಗುರ. ಅದರಲ್ಲಿ ಇಬ್ಬರೇ, ಓಡಿಸುವವನು ಒಬ್ಬ, ಬಿಲ್ಲುಗಾರ ಒಬ್ಬ. ಕ್ರಿ.ಪೂ. 1274ರಲ್ಲಿ ಸಿರಿಯಾದ ಕಾದೇಶ್‌ನಲ್ಲಿ ಈಜಿಪ್ಟಿನ ದೊರೆ ಎರಡನೇ ರಾಮ್ಸೆಸ್‌ಗೆ ಎದುರಾದ, ಈಗಿನ ಟರ್ಕಿಯ ಕಡೆಯ ಹಿಟ್ಟೈಟರ ರಥದಲ್ಲಿ ಮೂವರು ಇದ್ದರು. ಒಂದು ರಥ ಅಂದರೆ ಎರಡು ಪಳಗಿದ ಕುದುರೆ, ಮರ ಬಾಗಿಸಬಲ್ಲ ಬಡಗಿ, ಲಾಯ, ಮೇವು. ಬಡವನಿಗೆ ಅದು ಎಟುಕುವ ಮಾತಲ್ಲ. ಹೀಗೆ ಆಯುಧದ ಹಿಂದೆಯೇ ಒಂದು ಮೇಲ್ವರ್ಗವೂ ಹುಟ್ಟಿಕೊಂಡಿತು.

ಕ್ರಿ.ಪೂ. 217ರ ರಾಫಿಯಾ ಯುದ್ಧ ನನಗೆ ಇನ್ನೂ ಕುತೂಹಲದ ವಿಷಯ. ಆಗ ಈಜಿಪ್ಟನ್ನು ಆಳುತ್ತಿದ್ದವರು ಗ್ರೀಕ್ ಮೂಲದ ಟಾಲೆಮಿಗಳು. ಉದ್ದ ಭರ್ಜಿಯ ಕಾಲಾಳು ಪಡೆ ಗ್ರೀಕರ, ಮ್ಯಾಸಿಡೋನಿಯನ್ನರ ಸೊತ್ತು ಎಂದೇ ಲೆಕ್ಕ. ಆದರೆ ಸಿರಿಯಾದ ಕಡೆಯಿಂದ ಆಂಟಿಯೋಕಸ್ ಮೇಲೆರಗಿದಾಗ ಆಳು ಸಾಲಲಿಲ್ಲ. ನಾಲ್ಕನೇ ಟಾಲೆಮಿ 20,000 ಸ್ಥಳೀಯ ಈಜಿಪ್ಟಿಯನ್ನರ ಕೈಗೂ ಅದೇ ಭರ್ಜಿ ಕೊಟ್ಟು ಕವಾಯತು ಮಾಡಿಸಿದ. ಆ ದಿನ ಅವನ ಆಫ್ರಿಕಾದ ಆನೆಗಳು ಎದುರಿಗಿದ್ದ ಭಾರತದ ಆನೆಗಳನ್ನು ನೋಡಿ ಹಿಂಜರಿದವು. ಯುದ್ಧ ಗೆದ್ದುಕೊಟ್ಟಿದ್ದು ಕಾಲಾಳುಗಳೇ. ಗೆಲುವು ಸಿಕ್ಕಿತು, ಜೊತೆಗೆ ತಲೆನೋವೂ ಸಿಕ್ಕಿತು. ಗೆದ್ದು ಬಂದ ಈಜಿಪ್ಟಿಯನ್ನರಿಗೆ ತಮ್ಮ ಬಲ ಗೊತ್ತಾಗಿತ್ತು. ಸ್ವಲ್ಪ ಕಾಲದಲ್ಲೇ ಅವರು ರಾಜನ ಮೇಲೇ ತಿರುಗಿಬಿದ್ದರು ಎಂದು ಇತಿಹಾಸಕಾರ ಪಾಲಿಬಿಯಸ್ ಬರೆದಿದ್ದಾನೆ.

ಇದೇ ಭಯಕ್ಕೆ ಮಧ್ಯಯುಗದ ಕೈರೋ ಒಂದು ವಿಚಿತ್ರ ದಾರಿ ಹುಡುಕಿತು. ಸೈನಿಕರನ್ನು ಹೊರಗಿನಿಂದ ಕೊಂಡು ತರುವುದು. ಕಪ್ಪು ಸಮುದ್ರದ ಉತ್ತರದ ಬಯಲಿನಿಂದ, ಆಮೇಲೆ ಕಾಕಸಸ್‌ನಿಂದ ಹುಡುಗರನ್ನು ಗುಲಾಮರಾಗಿ ತಂದು ಬ್ಯಾರಕ್‌ಗಳಲ್ಲಿ ಬೆಳೆಸಿದರು. ಇವರೇ ಮಾಮ್ಲೂಕರು. ದೆಹಲಿಯ ಗುಲಾಮಿ ಸಂತತಿಯನ್ನು ಶಾಲೆಯಲ್ಲಿ ಓದಿದವರಿಗೆ ಈ ಪದ್ಧತಿ ಹೊಸದಲ್ಲ. ಕುದುರೆ, ಭರ್ಜಿ, ಕತ್ತಿ, ಎಲ್ಲಕ್ಕಿಂತ ಜಾಸ್ತಿ ಬಿಲ್ಲು. ಓಡುವ ಕುದುರೆಯ ಮೇಲಿಂದ ಗುರಿ ಹೊಡೆಯಬೇಕು. ವರ್ಷಗಟ್ಟಲೆ ಇದೇ ಅಭ್ಯಾಸ, ಹೊಲದ ಕೆಲಸ ಇಲ್ಲ, ಊರಿನ ನಂಟಿಲ್ಲ. 1260ರಲ್ಲಿ ಐನ್ ಜಾಲೂತ್‌ನಲ್ಲಿ ಮಂಗೋಲರನ್ನು ಸೋಲಿಸಿದ್ದು ಇವರೇ. ತರಬೇತಿ ಕೊಡುವವನಾಗಿ ಹೇಳುತ್ತೇನೆ, ಇಷ್ಟು ಪೂರ್ತಿಯಾಗಿ ತಯಾರಾದ ಸೈನಿಕರು ಇತಿಹಾಸದಲ್ಲಿ ಕಡಿಮೆ.

ಅವರನ್ನು ಮುಳುಗಿಸಿದ್ದೂ ಆ ತರಬೇತಿಯೇ. ಕೋಟೆ ಒಡೆಯಲು ಮಾಮ್ಲೂಕರು ಫಿರಂಗಿಯನ್ನು ಧಾರಾಳವಾಗಿ ಬಳಸಿದರು. ಕೈಕೋವಿ ಮಾತ್ರ ಬೇಡವಾಯಿತು. ಸುಮ್ನೆ ಜಂಬ ಅಂತ ಇದನ್ನು ತಳ್ಳಿಹಾಕುವವರಿದ್ದಾರೆ, ನಾನು ಒಪ್ಪುವುದಿಲ್ಲ. ಆ ಕಾಲದ ಬತ್ತಿ ಕೋವಿಗೆ ಕುದುರೆಯ ಮೇಲೆ ಕೂತು ಮದ್ದು ತುಂಬಲು ಹೋಗಿ ನೋಡಿ! ಒಂದು ಗುಂಡು ತುಂಬುವಷ್ಟರಲ್ಲಿ ಒಳ್ಳೆಯ ಬಿಲ್ಲುಗಾರ ಹಲವು ಬಾಣ ಬಿಟ್ಟಿರುತ್ತಾನೆ. ಕೋವಿ ಬೇಕೆಂದರೆ ಕುದುರೆಯಿಂದ ಇಳಿಯಬೇಕು. ಕುದುರೆಯಿಂದ ಇಳಿದವನು ಮಾಮ್ಲೂಕನೇ ಅಲ್ಲ. ಜೊತೆಗೆ ಕೋವಿಯನ್ನು ಯಾರು ಬೇಕಾದರೂ ಕೆಲವೇ ವಾರಗಳಲ್ಲಿ ಕಲಿಯಬಹುದು, ಅಲ್ಲಿಗೆ ಇವರ ಇಷ್ಟು ವರ್ಷದ ಶ್ರಮಕ್ಕೆ ಬೆಲೆ ಏನು? 1498ರಲ್ಲಿ ಯುವಕ ಸುಲ್ತಾನ್ ಅಲ್-ನಾಸಿರ್ ಮುಹಮ್ಮದ್ ಕಪ್ಪು ಗುಲಾಮರ ಕೋವಿ ಪಡೆಯೊಂದಕ್ಕೆ ಹೆಚ್ಚಿನ ಗೌರವ ಕೊಟ್ಟ. ಮಾಮ್ಲೂಕರು ದಂಗೆ ಎದ್ದು ಆ ಪಡೆಯ ನಾಯಕನನ್ನೇ ಕೊಂದುಹಾಕಿದರು. 18 ವರ್ಷದ ನಂತರ ಮರ್ಜ್ ದಾಬಿಕ್‌ನಲ್ಲಿ ಒಟ್ಟೋಮನ್ ಸುಲ್ತಾನ್ ಸೆಲೀಮನ ಕೋವಿ, ಫಿರಂಗಿಗಳ ಮುಂದೆ ಅವರು ಸೋತರು. ಮರುವರ್ಷ ಕೈರೋ ಕೈತಪ್ಪಿತು. ಆದರೂ ಒಟ್ಟೋಮನ್ನರ ಕೈಕೆಳಗೆ ಅವರು ಉಳಿದುಕೊಂಡರು. 1798ರಲ್ಲಿ ನೆಪೋಲಿಯನ್ ಬಂದಾಗ ಅವರ ಬಳಿ ಪಿಸ್ತೂಲು, ಗಿಡ್ಡ ಕೋವಿ ಎಲ್ಲ ಇದ್ದವು. ಯುದ್ಧದ ರೀತಿ ಮಾತ್ರ ಹಳೆಯದೇ. ಫ್ರೆಂಚರು ಚೌಕಾಕಾರದಲ್ಲಿ ನಿಂತು ಗುಂಡು ಹಾರಿಸಿದರು, ಕುದುರೆಗಳು ಅದರ ಸುತ್ತ ಬಿದ್ದವು.

ಒಟ್ಟೋಮನ್ನರ ಹೆಸರಿನಲ್ಲಿ ಈಜಿಪ್ಟನ್ನು ಆಳುತ್ತಿದ್ದ ಮುಹಮ್ಮದ್ ಅಲಿ 1811ರಲ್ಲಿ ಮಾಮ್ಲೂಕ್ ನಾಯಕರನ್ನು ಕೈರೋದ ಕೋಟೆಗೆ ಕರೆಸಿ ಕೊಲ್ಲಿಸಿದ. ಹೊಸ ಸೈನ್ಯಕ್ಕೆ ಮೊದಲು ಸುಡಾನಿನಿಂದ ಗುಲಾಮರನ್ನು ತಂದ. ಅವರಲ್ಲಿ ಬಹಳ ಜನ ಕಾಯಿಲೆ ಬಿದ್ದು ಸತ್ತರು. ಕೊನೆಗೆ 1822ರಲ್ಲಿ ಶತಮಾನಗಳಿಂದ ಯಾರೂ ನೆಚ್ಚಿಕೊಳ್ಳದ ಸ್ವಂತ ರೈತರಿಗೇ ಕೈಹಾಕಿದ. ಹಲ್ಲು ಕೀಳಿಸಿಕೊಂಡ ಕಥೆ ಆಗಿನದು. ನೆಪೋಲಿಯನ್ನನ ಸೈನ್ಯದಲ್ಲಿದ್ದ ಸೆವ್ ಎಂಬ ಫ್ರೆಂಚ್ ಅಧಿಕಾರಿ ಅಸ್ವಾನಿನಲ್ಲಿ ಇವರ ತರಬೇತಿಗೆ ನಿಂತ. ಹತ್ತೇ ವರ್ಷದಲ್ಲಿ, 1832ರ ಡಿಸೆಂಬರಿನಲ್ಲಿ, ಈ ರೈತರ ಸೈನ್ಯ ಕೊನ್ಯಾದಲ್ಲಿ ಒಟ್ಟೋಮನ್ ಸೈನ್ಯವನ್ನೇ ಮುರಿಯಿತು. ಬಂದೂಕಿನ ಗುಣ ಅದು. ಧೈರ್ಯ, ಹುಟ್ಟು, ವಂಶ ಯಾವುದನ್ನೂ ಕೇಳುವುದಿಲ್ಲ. ಎಣಿಕೆಗೆ ಸರಿಯಾಗಿ ತುಂಬು, ಎತ್ತು, ಹೊಡೆ. ಇಷ್ಟನ್ನು ಕವಾಯತು ಮೈದಾನ ಕಲಿಸಿಕೊಡುತ್ತದೆ.

ಆದರೆ ಅಧಿಕಾರಿಗಳೆಲ್ಲ ಟರ್ಕಿಷ್ ಮಾತಾಡುವವರು. ರೈತನ ಮಗ ಕ್ಯಾಪ್ಟನ್‌ಗಿಂತ ಮೇಲೆ ಹೋಗುವಂತಿರಲಿಲ್ಲ. ಆ ಬಾಗಿಲು ನಿಧಾನವಾಗಿ ತೆರೆದು, ರೈತ ಮನೆತನದ ಅಹ್ಮದ್ ಉರಾಬಿ ಕರ್ನಲ್ ಆದ. ಬಡ್ತಿಯ ಸಿಟ್ಟು 1881ರಲ್ಲಿ ಬಂಡಾಯವಾಯಿತು, ಮರುವರ್ಷ ಬ್ರಿಟಿಷರು ಇಳಿದರು. ತೆಲ್ ಎಲ್-ಕೆಬೀರ್‌ನಲ್ಲಿ ಉರಾಬಿಯ ಸೈನಿಕರ ಬಳಿ ರೆಮಿಂಗ್ಟನ್ ರೈಫಲ್ ಇತ್ತು, ಜರ್ಮನಿಯ ಕ್ರುಪ್ ಫಿರಂಗಿ ಇತ್ತು, ಕಂದಕ ಇತ್ತು. ಬ್ರಿಟಿಷರು ರಾತ್ರಿಯೆಲ್ಲ ನಡೆದು ಬೆಳಗಿನ ಜಾವ ಮೇಲೆಬಿದ್ದರು, ಸುಮಾರು ಒಂದು ಗಂಟೆಯಲ್ಲಿ ಎಲ್ಲ ಮುಗಿಯಿತು. ಆ ದಿನ ಬ್ರಿಟಿಷರ ಕಡೆ ನಮ್ಮ ಬೆಂಗಳೂರಿನ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್ ಕೂಡ ಇದ್ದರು. ದಳದ ಯುದ್ಧ ಗೌರವಗಳ ಪಟ್ಟಿಯಲ್ಲಿ ಆ ಹೆಸರು ಇವತ್ತಿಗೂ ಇದೆ.

ನಡುವಿನ ದಶಕಗಳನ್ನು ಬೇಗ ದಾಟುತ್ತೇನೆ. 1955ರಲ್ಲಿ ಚೆಕೊಸ್ಲೊವಾಕಿಯಾದ ಮೂಲಕ ಸೋವಿಯತ್ ಆಯುಧಗಳು ಬರತೊಡಗಿದವು. ಸ್ವಂತ ವಿಮಾನದ ಕನಸೂ ಇತ್ತು. ಹೆಲ್ವಾನ್‌ನಲ್ಲಿ ತಯಾರಾದ ಎಚ್‌ಎ-300 ಜೆಟ್ಟನ್ನು 1964ರ ಮಾರ್ಚ್ 7ರಂದು ಮೊದಲು ಹಾರಿಸಿದ್ದು ಭಾರತದ ಕಪಿಲ್ ಭಾರ್ಗವ. ಆ ಜೆಟ್‌ಗೆ ಮಾಡುತ್ತಿದ್ದ ಎಂಜಿನ್ ನಮ್ಮ ಎಚ್‌ಎಎಲ್‌ನ ಮಾರುತ್ ವಿಮಾನಕ್ಕೂ ಆಗಬಹುದೆಂಬ ಲೆಕ್ಕವಿತ್ತು. 1969ರಲ್ಲಿ ಯೋಜನೆ ನಿಂತುಹೋಯಿತು.

1967ರಲ್ಲಿ ಇಸ್ರೇಲ್ ಎದುರು ಸೋತ ನಂತರ ಈಜಿಪ್ಟ್ ಮಾಡಿದ ದೊಡ್ಡ ಬದಲಾವಣೆ ಅಂದರೆ, ನನ್ನ ಪ್ರಕಾರ, ಪದವೀಧರರನ್ನು ಸಾಲಾಗಿ ಸೈನ್ಯಕ್ಕೆ ತೆಗೆದುಕೊಂಡಿದ್ದು. 1973ರ ಯುದ್ಧ ಮುಗಿಯುವವರೆಗೆ ಮನೆಗೆ ಕಳಿಸಲೂ ಇಲ್ಲ. ಅವರು ದಾಟಬೇಕಿದ್ದದ್ದು ಸೂಯೆಜ್ ಕಾಲುವೆ, ಅದರಾಚೆ ಇಸ್ರೇಲಿಗರು ಕಟ್ಟಿದ್ದ 18ರಿಂದ 20 ಮೀಟರ್ ಎತ್ತರದ ಮರಳಿನ ದಿಬ್ಬ. ಸ್ಫೋಟಕ ಮತ್ತು ಬುಲ್ಡೋಜರ್‌ನಿಂದ ಒಂದು ದಾರಿ ಬಿಡಿಸಲು 5–6 ಗಂಟೆ ಬೇಕಿತ್ತು. ಆಗ ಬಾಕಿ ಝಕಿ ಯೂಸೆಫ್ ಎಂಬ ಎಂಜಿನಿಯರ್ ಅಧಿಕಾರಿ, ಅಸ್ವಾನ್ ಅಣೆಕಟ್ಟಿನಲ್ಲಿ ಕೆಲಸ ಮಾಡಿದ್ದವನು, ನೀರು ಹೊಡೆದು ಮರಳು ಕೊಚ್ಚಿಸೋಣ ಅಂದ. ಅಣೆಕಟ್ಟಿನಲ್ಲಿ ಹಾಗೆ ಮರಳು ಸಾಗಿಸಿದ್ದನ್ನು ಅವನು ನೋಡಿದ್ದ. ಕಾಲುವೆಯ ನೀರೇ ಸಾಕು, ಬೇಕಾಗಿದ್ದು ಜೋರು ಪಂಪು. ಯುರೋಪಿನಿಂದ ನೂರಾರು ಪಂಪು ತರಿಸಿದರು. ಕೆಲಸ ಸುಮಾರು 2 ಗಂಟೆಗೆ ಇಳಿಯಿತು.

1973ರ ಅಕ್ಟೋಬರ್ 6ರ ಮಧ್ಯಾಹ್ನ ಕಾಲಾಳುಗಳು ರಬ್ಬರ್ ದೋಣಿಯಲ್ಲಿ ದಾಟಿ ಹಗ್ಗದ ಏಣಿ ಹಿಡಿದು ದಿಬ್ಬ ಹತ್ತಿದರು. ಸೇತುವೆ ಆಗುವವರೆಗೆ ಟ್ಯಾಂಕ್ ಬರುವುದಿಲ್ಲ, ಎದುರಾಳಿಯ ಟ್ಯಾಂಕುಗಳು ಮಾತ್ರ ಬಂದೇ ಬರುತ್ತವೆ. ಆ ಹೊತ್ತಿಗೆಂದೇ ಕೈಯಲ್ಲಿ ಸೂಟ್‌ಕೇಸ್ ಥರದ ಪೆಟ್ಟಿಗೆಯಲ್ಲಿ ಟ್ಯಾಂಕ್ ಒಡೆಯುವ ಸ್ಯಾಗರ್ ಕ್ಷಿಪಣಿ ಇತ್ತು. ದೂರ 3 ಕಿಲೋಮೀಟರ್. ಹಾರುವಾಗ ಹಿಂದೆ ತಂತಿ ಬಿಚ್ಚಿಕೊಳ್ಳುತ್ತದೆ, ಒಂದು ಪುಟ್ಟ ಕಡ್ಡಿ ಆಡಿಸುತ್ತ ಸೈನಿಕನೇ ಅದನ್ನು ಗುರಿ ಮುಟ್ಟಿಸಬೇಕು. ಸುಮಾರು 500 ಮೀಟರ್ ಒಳಗೆ ಅದು ಕೆಲಸಕ್ಕೆ ಬಾರದು, ಅಲ್ಲಿಗೆ ಹೆಗಲ ಮೇಲಿಟ್ಟು ಹಾರಿಸುವ ಆರ್‌ಪಿಜಿ-7 ರಾಕೆಟ್. ಈ ಕಡ್ಡಿ ಆಡಿಸುವ ಕೈ ಬಂದೂಕಿನ ಕೈಯ ಹಾಗೆ ವಾರಗಳಲ್ಲಿ ತಯಾರಾಗುವುದಿಲ್ಲ. ಹುಸಿ ಯಂತ್ರದ (ಸಿಮ್ಯುಲೇಟರ್) ಮುಂದೆ ದಿನಾ ಕೂರಿಸಿ ಕೂರಿಸಿ ಅಭ್ಯಾಸ ಮಾಡಿಸಿದ್ದರು. ಅಕ್ಟೋಬರ್ 8ರ ಇಸ್ರೇಲಿ ಪ್ರತಿದಾಳಿ ಮುರಿದುಬಿದ್ದದ್ದರಲ್ಲಿ ಈ ಹುಡುಗರ ಪಾಲು ದೊಡ್ಡದು.

ನೀರಿನ ಉಪಾಯ ಎಲ್ಲ ಕಡೆ ಒಂದೇ ಥರ ನಡೆಯಲಿಲ್ಲ. ಕಾಲುವೆಯ ದಕ್ಷಿಣದಲ್ಲಿ, ಈಜಿಪ್ಟಿನ ಮೂರನೇ ಸೈನ್ಯದ ಭಾಗದಲ್ಲಿ, ಮಣ್ಣಿನಲ್ಲಿ ಜೇಡಿ ಜಾಸ್ತಿ. ನೀರು ಬಿದ್ದೊಡನೆ ಕೆಸರಾಗಿ ಸೇತುವೆ ಕೆಲಸ ಗಂಟೆಗಟ್ಟಲೆ ತಡವಾಯಿತು. ಸ್ಯಾಪರ್ ಕೆಲಸ ಮಾಡಿದವರಿಗೆ ಅಲ್ಲಿನ ಅಧಿಕಾರಿಗಳ ಸಂಕಟ ಹೇಳದೆಯೇ ಅರ್ಥವಾಗುತ್ತದೆ. ಅಕ್ಟೋಬರ್ 14ರಂದು ಈಜಿಪ್ಟಿನ ಟ್ಯಾಂಕುಗಳು ವಿಮಾನ ನಿರೋಧಕ ಕ್ಷಿಪಣಿಗಳ ಆಸರೆ ಬಿಟ್ಟು ಮುಂದೆ ಹೋದವು, ಒಂದೇ ದಿನದಲ್ಲಿ ಸುಮಾರು 250 ಟ್ಯಾಂಕ್ ಕಳೆದುಕೊಂಡರು. ಸೇನಾ ಮುಖ್ಯಸ್ಥ ಸಾದ್ ಅಲ್-ಶಾಜ್ಲಿ ಈ ಮುನ್ನಡೆ ಬೇಡವೆಂದೇ ಹೇಳಿದ್ದರು.

ಈಗ ಅಮೆರಿಕದ ಅಬ್ರಾಮ್ಸ್ ಟ್ಯಾಂಕುಗಳನ್ನು ಈಜಿಪ್ಟ್ ತನ್ನ ಕಾರ್ಖಾನೆಯಲ್ಲೇ ಜೋಡಿಸುತ್ತದೆ, ಸಾವಿರಕ್ಕೂ ಹೆಚ್ಚು ಇವೆ. ಫ್ರಾನ್ಸಿನ ರಫೇಲ್ ಕೂಡ ಇದೆ. ಕಡ್ಡಾಯ ಸೇವೆ ಮುಂದುವರಿದಿದೆ, ಅವಧಿ ಓದಿನ ಮೇಲೆ ನಿರ್ಧಾರವಾಗುತ್ತದೆ. ಓದು ಕಡಿಮೆ ಇದ್ದವರಿಗೆ 3 ವರ್ಷ, ಪದವೀಧರರಿಗೆ 1 ವರ್ಷ. ಪದವೀಧರನೊಬ್ಬ ಟ್ಯಾಂಕಿನ ಕೆಲಸಕ್ಕೆ ಪಳಗುವಷ್ಟರಲ್ಲೇ ಅವನ ವರ್ಷ ಮುಗಿದಿರುತ್ತದೆ. ನನ್ನ ಕೈಗೆ ಆ ಸೈನ್ಯದ ತರಬೇತಿ ಕೊಟ್ಟರೆ ಮೊದಲು ಈ ಲೆಕ್ಕವನ್ನೇ ಬದಲಿಸಲು ಕೇಳುತ್ತಿದ್ದೆ.